ದಾಕ್ಷಾಯಿಣಮ್ಮನ ಲ್ಯಾಪ್‌ಟಾಪೂ ಮೋನಾಚಾರರ ವಾಪಸ್ ಯಂತ್ರವೂ

ಹೊಸ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದರ ನಾಲ್ಕು ಕಾಲಿನ ಪಕ್ಕಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, ಮೋನಾಚಾರರು ಎರಡು ಹೆಜ್ಜೆ ಹಿಂದೆ ಸರಿದು ಕೆಮ್ಮಿದರು. ಆ ಮನೆಯಲ್ಲಿ ಕೆಮ್ಮು ಎಂದರೆ ಭಾಷಣ ಶುರುವಾಯಿತೆಂದು ಅರ್ಥ.

“ಇದರ ಹೆಸರು ವಾಪಸ್ ಯಂತ್ರ!”

“ಮೊದಲು ನನ್ನ ಕುಕ್ಕರಿನ ಮುಚ್ಚಳ ವಾಪಸ್ ಕೊಡಿ,” ಎಂದರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕಾಳಮ್ಮ.

“ಮುಚ್ಚಳ ಅಲ್ಲ ಕಣೇ ಅದು, ಆಂಟೆನಾ!”

“ಆಂಟೆನಾಕ್ಕೆ ವಿಷಲ್ ಯಾಕ್ರೀ?”

“ನಿನ್ನ ಬಾಯಿಗೆ ಅದೇ ಸರಿಯಾದ ಉತ್ತರ, ಅದಕ್ಕೆ!”

ಮೋನಾಚಾರರು ಬಿಳಿಕಲ್ಲು ಜಂಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಸಿಗ್ನಲ್ ಫಿಟ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮನೆ ಮಾಡಿ, ಗುಜರಿಯಿಂದ ತಂದ ಸಾಮಾನಿನಲ್ಲಿ ಯಂತ್ರಗಳನ್ನು ಹೆರುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಆದರೆ ಯಾರಾದರೂ ಕಷ್ಟ ಅಂದರೆ ಊಟ ಬಿಟ್ಟು ಎದ್ದು ಬರುವ ಮನುಷ್ಯ.

ಈ ಸಲ ಕಷ್ಟ ಅಂದವರು ಪಕ್ಕದ ಮನೆಯ ದಾಕ್ಷಾಯಿಣಮ್ಮ. ಗೋಡೆಯ ಬದಿಯ ಕುರ್ಚಿಯಲ್ಲಿ, ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಕೂತಿದ್ದರು. ಆಸ್ಪತ್ರೆಯಲ್ಲಿ ದಾದಿಯಾಗಿ ಊರಿನ ಅರ್ಧ ಕೂಸುಗಳನ್ನು ಎತ್ತಿಕೊಟ್ಟ ಕೈ ಅದು. ಬೇರೆ ಥರ ಹಿಡಿಯಲು ಬರುತ್ತಿರಲಿಲ್ಲ.

ಲ್ಯಾಪ್‌ಟಾಪು ಅವರದಲ್ಲ, ತಂಗಿ ವಿಶಾಲಾಕ್ಷಿಯದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ವಿಶಾಲು. ಮದುವೆ ಎಂಬ ಮಾತೆತ್ತದೆ ಅಕ್ಕ ತಂಗಿ ಇಬ್ಬರೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದರು. ಹೋದ ಆಷಾಢದಲ್ಲಿ ಬೆಳಿಗ್ಗೆ ಎದೆನೋವು ಅಂದವಳು ಸಂಜೆಗೆ ಇರಲಿಲ್ಲ.

ಇದ್ದದ್ದು ಅವಳ ಧ್ವನಿ. ಅಕ್ಕನ ರಕ್ತದೊತ್ತಡದ ಮಾತ್ರೆಗೆಂದು ವಿಶಾಲು ಲ್ಯಾಪ್‌ಟಾಪಿನಲ್ಲಿ ಒಂದು ನೆನಪೋಲೆ ಕೂರಿಸಿದ್ದಳು. ದಿನಾ ಬೆಳಿಗ್ಗೆ ಎಂಟಕ್ಕೆ ಅದು ತಾನಾಗಿ ಕೂಗುತ್ತಿತ್ತು: “ಅಕ್ಕಾ, ಮಾತ್ರೆ ನುಂಗಿದ್ಯಾ? ಸುಳ್ಳು ಹೇಳ್ಬೇಡ!”

ಅವಳು ಹೋದ ಮೇಲೂ ಕೂಗುತ್ತಲೇ ಇತ್ತು. ದಾಕ್ಷಾಯಿಣಮ್ಮ ಸ್ನಾನ ಮಾಡಿ, ಸೀರೆ ಉಟ್ಟು, ಎಂಟಕ್ಕೆ ಅದರ ಮುಂದೆ ಕೂರುತ್ತಿದ್ದರು.

ಕಷ್ಟ ಶುರುವಾದದ್ದು ಕಂಪನಿಯವರು ಒಳಗೆ ತುಂಬಿ ಕಳಿಸಿದ್ದ ಕಸದಿಂದ. ನಿಮ್ಮ ರಕ್ಷಣೆ ಮುಗಿದಿದೆ ಎಂದು ಒಂದು ಹೆದರಿಸುತ್ತಿತ್ತು. ಇಸ್ಪೀಟಾಡಿ ಬನ್ನಿ ಎಂದು ಇನ್ನೊಂದು ಕರೆಯುತ್ತಿತ್ತು. ಕೇಳದೆ ಇದ್ದರೂ ಯಾವುದೋ ದೇಶದಲ್ಲಿ ಹಿಮ ಬೀಳುತ್ತಿದೆ ಎಂದು ಮತ್ತೊಂದು ಹೇಳುತ್ತಿತ್ತು. ಇವೆಲ್ಲದರ ನೂಕುನುಗ್ಗಲಲ್ಲಿ ವಿಶಾಲು ಒಂಬತ್ತೂವರೆಗೆ ಬಾಯಿ ಬಿಡುತ್ತಿದ್ದಳು, ಅದೂ “ಅಕ್ಕಾ, ಮಾ… ಮಾ… ಮಾ…” ಎಂದು ಕರುವಿನ ಹಾಗೆ.

ಪೇಟೆಯ ರಿಪೇರಿ ಅಂಗಡಿಯವನು ನೋಡಿ ಹೇಳಿದ್ದ: “ಒಂದೊಂದಾಗಿ ಕಿತ್ರೆ ಬೇರು ಉಳ್ಕೊಳುತ್ತೆ ಅಮ್ಮಾ. ಪೂರ್ತಿ ಒರೆಸಿ ಹೊಸದಾಗಿ ಹಾಕ್ಬಿಡ್ತೀನಿ.”

“ಒರೆಸಿದ್ರೆ ನಮ್ಮ ವಿಶಾಲು?”

“ಫೋಟೋ, ಕಾಗದ ಪತ್ರ ಆದ್ರೆ ಎತ್ತಿಟ್ಟು ಕೊಡ್ತೀನಿ. ಆ ಧ್ವನಿ ಎಲ್ಲಿ ಕೂತಿದೆಯೋ ನನಗೆ ಸಿಗ್ತಾನೇ ಇಲ್ಲ. ಅದು ಹೋಗುತ್ತೆ.”

ದಾಕ್ಷಾಯಿಣಮ್ಮ ಅದಕ್ಕೆ ಮತ್ತೆ ಟವೆಲ್ಲು ಸುತ್ತಿ ಎತ್ತಿಕೊಂಡು ಮನೆಗೆ ಬಂದಿದ್ದರು.

“ಅವನಿಗೇನು ಗೊತ್ತು!” ಮೋನಾಚಾರರು ಈಗ ಯಂತ್ರದ ತಲೆಯ ಮೇಲೆ ಬಡಿದರು. “ನನ್ನ ಯಂತ್ರ ಒರೆಸೋದಿಲ್ಲ, ಕೀಳೋದೂ ಇಲ್ಲ. ಲೆಕ್ಕವಾಗಿ ವಾಪಸ್ ಮಾಡುತ್ತೆ. ಕಂಪನಿಯದು ಹೋಗುತ್ತೆ, ನಿಮ್ಮದು ಉಳಿಯುತ್ತೆ.”

“ಯಾವುದು ಯಾರದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ ಆಚಾರ್ರೇ?”

“ಚಾರ್ಜ್ ಲಿಸ್ಟು ದಾಕ್ಷಾಯಿಣಮ್ಮಾ, ಚಾರ್ಜ್ ಲಿಸ್ಟು! ನಾನು ಕೆಲಸಕ್ಕೆ ಸೇರಿದ ದಿನ ಕ್ಯಾಬಿನ್ನಿನಲ್ಲಿ ಏನೇನಿತ್ತೋ ಎಲ್ಲ ಬರೆಸಿ ಸಹಿ ಹಾಕಿಸ್ಕೊಂಡ್ರು. ಎರಡು ಲಾಂದ್ರ, ಒಂದು ಸುತ್ತಿಗೆ, ಕಾಲು ಮುರಿದ ಸ್ಟೂಲು. ಬಿಟ್ಟು ಬರೋ ದಿನ ಅಷ್ಟನ್ನೂ ಒಪ್ಪಿಸಿ ಬಂದೆ. ಮೊದಲ ದಿನ ಇದ್ದದ್ದು ಇಲಾಖೇದು, ಆಮೇಲೆ ಬಂದದ್ದು ನಮ್ಮದು. ಇದಕ್ಕಿಂತ ನ್ಯಾಯವಾದ ವಿಂಗಡಣೆ ಪ್ರಪಂಚದಲ್ಲೇ ಇಲ್ಲ!”

ದಾಕ್ಷಾಯಿಣಮ್ಮನೂ ಮೂವತ್ತು ವರ್ಷ ಹಾಗೇ ಸಹಿ ಹಾಕಿ ದುಡಿದವರು. ಅವರಿಗೂ ನ್ಯಾಯವೆನಿಸಿತು. ಟವೆಲ್ಲು ಬಿಚ್ಚಿದರು.

ಗಂಟೆ ಎಂಟಾಗಲು ಹತ್ತು ನಿಮಿಷ. ಮೋನಾಚಾರರು ಯಂತ್ರದ ಸನ್ನೆಕೋಲು ಎಳೆದರು. ಕೆಂಪು ದೀಪ ಹೋಗಿ ಹಸಿರು ಬಂತು. ಕುಕ್ಕರಿನ ಮುಚ್ಚಳ ಗಡಗಡ ನಡುಗಿತು. ಬಸ್ ಕಂಡಕ್ಟರರ ಹಳೆಯ ಟಿಕೆಟ್ ಯಂತ್ರದ ಬಾಯಿಂದ ಚೀಟಿಗಳು ಉದುರತೊಡಗಿದವು.

“ಇಸ್ಪೀಟಾಟ, ಒಂದು. ಇಲಾಖೆಗೆ ವಾಪಸ್!” ಮೋನಾಚಾರರು ಓದಿದರು. “ಹೆದರಿಸುವ ಚೀಟಿ, ಹದಿನಾಲ್ಕು. ಇಲಾಖೆಗೆ ವಾಪಸ್! ಪರದೇಶದ ಹಿಮ…”

“ಅದನ್ನಾದ್ರೂ ಇಟ್ಕೊಳ್ರೀ, ಸೆಖೆ ಆಗ್ತಿದೆ,” ಎಂದರು ಕಾಳಮ್ಮ.

ಅರವತ್ತೊಂದು ಚೀಟಿ ಬಿದ್ದ ಮೇಲೆ ಠಣ್ ಎಂದು ಗಂಟೆ ಹೊಡೆಯಿತು. ದಾಕ್ಷಾಯಿಣಮ್ಮ ಲ್ಯಾಪ್‌ಟಾಪು ತೆರೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು! ಕಸವಿಲ್ಲ, ಕಾಟವಿಲ್ಲ, ಬಾಡಿಗೆಯವರು ಬಿಟ್ಟು ಹೋದ ಮೇಲೆ ಸುಣ್ಣ ಹೊಡೆಸಿದ ಮನೆಯ ಹಾಗಿತ್ತು.

“ಹೇಗೆ?” ಎಂದರು ಮೋನಾಚಾರರು.

“ಎಂಟಾಗ್ಲಿ ತಡೀರಿ.”

ಮೂವರೂ ಗೋಡೆ ಗಡಿಯಾರ ನೋಡುತ್ತ ಕೂತರು. ಎಂಟಾಯಿತು. ಎಂಟಾಗಿ ಒಂದು ನಿಮಿಷವಾಯಿತು. ಎರಡಾಯಿತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಲ್ಯಾಪ್‌ಟಾಪು ಮಾತ್ರ ಬಾಯಿ ಬಿಡಲಿಲ್ಲ.

ದಾಕ್ಷಾಯಿಣಮ್ಮ ನೆಲಕ್ಕೆ ಕೂತು ಚೀಟಿಗಳನ್ನು ಒಂದೊಂದಾಗಿ ತಿರುವಿದರು. ಐವತ್ತೇಳನೆಯದರಲ್ಲಿತ್ತು: “ಧ್ವನಿ, ಹೆಣ್ಣು, ಒಂದು. ಸೇರಿದ್ದು ಮೊದಲ ದಿನ. ಇಲಾಖೆಗೆ ವಾಪಸ್.”

“ಮೊದಲ ದಿನ ಹೇಗಾಗುತ್ತೆ?” ಮೋನಾಚಾರರು ಚೀಟಿ ಕಸಿದು ನೋಡಿದರು.

“ಹೌದು,” ಎಂದರು ದಾಕ್ಷಾಯಿಣಮ್ಮ ಮೆಲ್ಲಗೆ. “ಕೊಂಡ್ಕೊಳ್ಳೋವಾಗ ಅಂಗಡಿಯವರು ಮೈಕು ಸರಿಯಾಗಿದೆಯಾ ನೋಡ್ಕೊಳಿ ಟೀಚರ್ ಅಂದ್ರು. ಅವಳು ಅಲ್ಲೇ, ಗಲ್ಲಾದ ಮುಂದೇನೇ, ನನ್ನ ಮುಖ ನೋಡಿ ಈ ಮಾತ್ರೆಯ ಮಾತನ್ನೇ ಹೇಳಿದ್ಲು. ಎಲ್ರೂ ನಕ್ರು. ನನಗೆ ನಾಚಿಕೆಯಾಗಿ ಅವತ್ತೆಲ್ಲ ಅವಳ ಹತ್ರ ಮಾತೇ ಆಡ್ಲಿಲ್ಲ.”

“ವಾಪಸ್ ತರ್ತೀನಿ ಇರಿ!” ಮೋನಾಚಾರರು ಸನ್ನೆಕೋಲನ್ನು ಹಿಂದಕ್ಕೆ ನೂಕಿದರು. ಕೋಲು ಕಿತ್ತು ಕೈಗೆ ಬಂತು. ರೈಲ್ವೆಯಲ್ಲಿ ಒಂದು ಸಲ ದಾರಿ ಕೊಟ್ಟ ಮೇಲೆ ಗಾಡಿ ಮುಂದಿನ ಸ್ಟೇಷನ್ ಮುಟ್ಟುವ ತನಕ ಹಿಂತೆಗೆಯುವ ಹಾಗಿಲ್ಲವಂತೆ; ಆ ನಿಯಮವನ್ನು ಯಂತ್ರಕ್ಕೆ ಕಲಿಸಿದ್ದವರೂ ಅವರೇ. ಹಸಿರು ದೀಪ ಹಾಗೇ ಉರಿಯುತ್ತ, ಯಂತ್ರದ ವಾಪಸ್ ಕೆಲಸ ಪ್ಲಗ್ಗಿನ ತಂತಿಯ ಮೂಲಕ ಮನೆಯೊಳಗೆಲ್ಲ ಹರಿಯತೊಡಗಿತು!

ಮೊದಲು ಸಿಕ್ಕಿದ್ದು ಫ್ರಿಜ್ಜು. “ತಂಪು, ಒಂದು. ಇಲಾಖೆಗೆ ವಾಪಸ್.” ಫ್ರಿಜ್ಜು ಒಳಗೆ ದೀಪವಿರುವ ಬೀರುವಾಯಿತು. ಫ್ಯಾನು ಸುತ್ತುತ್ತಿತ್ತು, ಗಾಳಿ ಬರಲಿಲ್ಲ. ತಂತಿಯ ಮೇಲೆ ಬಾಲ ಚಾಚಿ ಮಲಗಿದ್ದ ಬೆಕ್ಕು ಎದ್ದು ಬಾಯಿ ತೆರೆಯಿತು; ಮ್ಯಾವ್ ಬರಲಿಲ್ಲ. ಹುಟ್ಟುವಾಗ ತಂದದ್ದಲ್ಲವೇ, ಪಟ್ಟಿಯಲ್ಲಿತ್ತು.

“ನಿಮ್ಮ ತಲೆಗಿಷ್ಟು! ತೆಗೀರಿ ಅದರ ಪ್ಲಗ್ಗು!” ಕಾಳಮ್ಮ ಕಿರುಚಿದರು.

ಮೋನಾಚಾರರು ಧಾವಿಸಿ ಪ್ಲಗ್ಗು ಹಿಡಿದರು. ಝುಂ ಎಂದಿತು. ಚೀಟಿ ಬಿತ್ತು: “ಕೋಪ, ಹುಟ್ಟಿನಿಂದ ಬಂದದ್ದು, ಒಂದು.”

ಅವರು ತಿರುಗಿ, ಹೆಂಡತಿಯನ್ನು ನೋಡಿ ಮೆತ್ತಗೆ ನಕ್ಕರು. “ನೀನು ಹೇಳೋದು ಸರಿ ಕಾಳೂ. ತಪ್ಪೆಲ್ಲ ನನ್ನದೇ. ಮುಚ್ಚಳ ಕೇಳದೆ ತಗೊಂಡದ್ದೂ ತಪ್ಪು.”

ಕಾಳಮ್ಮ ಎರಡು ಹೆಜ್ಜೆ ಹಿಂದೆ ಹೋಗಿ ಬಾಗಿಲಿಗೆ ಒರಗಿದರು. ಮೂವತ್ತಾರು ವರ್ಷದಲ್ಲಿ ಕೇಳದ ಮಾತು! “ಅಯ್ಯೋ, ಇವರಿಗೇನೋ ಆಯ್ತು ದಾಕ್ಷಾಯಿಣಕ್ಕಾ! ಜ್ವರ ನೋಡಿ!”

ದಾಕ್ಷಾಯಿಣಮ್ಮ ಎದ್ದು ಬಂದರು. ಆದರೆ ಅವರು ಮುಟ್ಟಿದ್ದು ಮೋನಾಚಾರರ ಹಣೆಯನ್ನಲ್ಲ. ನಡುಗುತ್ತಿದ್ದ ಮುಚ್ಚಳದ ಮೇಲೆ ಅಂಗೈ ಇಟ್ಟರು.

“ಎಲ್ಲ ತಗೊಂಡೆಯಲ್ಲಾ,” ಎಂದರು ಯಂತ್ರಕ್ಕೆ, ಹಟ ಮಾಡುವ ರೋಗಿಯನ್ನು ರಮಿಸುವ ದನಿಯಲ್ಲಿ. “ಇದನ್ನೂ ತಗೊಂಡು ಹೋಗಪ್ಪಾ. ಒಂದು ವರ್ಷದಿಂದ ಹೊತ್ತು ಹೊತ್ತು ಸಾಕಾಗಿದೆ.”

ಒಂದು ಚೀಟಿ ಥಟ್ಟನೆ ಬಂತು: “ಬಲಗೆನ್ನೆಯ ಹುಟ್ಟುಮಚ್ಚೆ, ಒಂದು. ಇಲಾಖೆಗೆ ವಾಪಸ್.” ಎರಡನೆಯ ಚೀಟಿಗೆ ಯಂತ್ರ ಬಹಳ ಹೊತ್ತು ತೆಗೆದುಕೊಂಡಿತು. ಕೆಂಪು ಬಂತು, ಹಸಿರು ಬಂತು, ಎರಡೂ ಒಟ್ಟಿಗೆ ಬಂದವು. ಕಡೆಗೆ ಚೀಟಿ ನಿಧಾನವಾಗಿ ಹೊರಬಂತು: “ದುಃಖ, ಒಂದು. ಮೊದಲ ದಿನದ ಪಟ್ಟಿಯಲ್ಲಿಲ್ಲ. ಮಾಲೀಕರ ಸ್ವಂತದ್ದು. ಮುಟ್ಟಿಲ್ಲ.”

ಮುಚ್ಚಳ ಉದ್ದಕ್ಕೆ ಒಂದು ವಿಷಲ್ ಹೊಡೆದು, ಹೊಗೆಯಾಡಿ, ಯಂತ್ರ ಸತ್ತಿತು.

ದಾಕ್ಷಾಯಿಣಮ್ಮ ನುಣ್ಣಗಾಗಿದ್ದ ಕೆನ್ನೆ ಸವರಿಕೊಂಡು ಆ ಚೀಟಿಯನ್ನು ಎರಡು ಸಲ ಓದಿದರು. “ಇದೊಂದು ಮಾತ್ರ ಸರಿಯಾಗಿ ಹೇಳಿದೆ ನೋಡಿ ಆಚಾರ್ರೇ,” ಎಂದರು.

ವಾಪಸಾದದ್ದೆಲ್ಲ ಎಲ್ಲಿಗೆ ಹೋಯಿತೆಂದು ಮಧ್ಯಾಹ್ನವೇ ಗೊತ್ತಾಯಿತು. ಮೋನಾಚಾರರು ಯಂತ್ರಕ್ಕೆ ಅರ್ಥಿಂಗ್ ಕೊಡಲು ಹಿತ್ತಲಲ್ಲಿ ಜೋತುಬಿದ್ದಿದ್ದ ಹಳೆಯ ತಂತಿ ಬಳಸಿದ್ದರು. ಅದು ಅವರು ನೌಕರಿಯಲ್ಲಿದ್ದಾಗ ಸ್ಟೇಷನ್ನಿಗೆ ಎಳೆದಿದ್ದ ಫೋನಿನ ತಂತಿ. ಇಲಾಖೆಗೆ ವಾಪಸ್ ಎಂದು ಅಚ್ಚು ಹಾಕುತ್ತಿದ್ದ ಯಂತ್ರಕ್ಕೆ ಗೊತ್ತಿದ್ದ ಇಲಾಖೆ ಅದೊಂದೇ!

ಸ್ಟೇಷನ್ನಿನ ತಂಗುಕೋಣೆಯಲ್ಲಿ ನಡುಬೇಸಿಗೆಯಲ್ಲಿ ಜನ ಕಂಬಳಿ ಹೊದ್ದು ಕೂತಿದ್ದರು. ಗೂಡ್ಸ್ ಗಾಡಿಯ ಎಂಜಿನ್ನು ಗೇಟಿನ ಹತ್ತಿರ ಮ್ಯಾವ್ ಎಂದಿತು. ಸ್ಟೇಷನ್ ಮಾಸ್ಟರರ ಬಲಗೆನ್ನೆಯಲ್ಲಿ ಹೆಂಗಸರಿಗೊಪ್ಪುವ ಮಚ್ಚೆಯೊಂದು ಮೂಡಿತ್ತು. ಮೈಕಿನಲ್ಲಿ ಮೋನಾಚಾರರ ಕೋಪ ಅಬ್ಬರಿಸುತ್ತಿತ್ತು: “ಯಾತ್ರಿಕರೇ! ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ಕಿವಿ ಇರೋದು ಬೀಡಿ ಸಿಕ್ಕಿಸೋಕಾ? ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬರ್ತಿದೆ, ಎರಡು!”

ಮಾರನೆಯ ಬೆಳಿಗ್ಗೆ ಎಂಟಕ್ಕೆ, ಆ ಅಬ್ಬರ ನಿಂತು, ಮೈಕಿನಿಂದ ಬೇರೊಂದು ದನಿ ಬಂತು.

“ಅಕ್ಕಾ, ಮಾತ್ರೆ ನುಂಗಿದ್ಯಾ? ಸುಳ್ಳು ಹೇಳ್ಬೇಡ!”

ಪ್ಲಾಟ್‌ಫಾರ್ಮಿನ ಮುದುಕಿಯರೆಲ್ಲ ಗಾಬರಿಯಾಗಿ ಚೀಲ ತಡಕಾಡಿದರು. “ನುಂಗಿದೆ ಕಣವ್ವಾ, ಆಣೆಗೂ ನುಂಗಿದೆ!” ಎಂದು ಪೇಟ ಸುತ್ತಿದ ಅಜ್ಜನೊಬ್ಬ ಮೇಲೆ ನೋಡಿ ಕೈ ಮುಗಿದ.

ಅಂದಿನಿಂದ ದಾಕ್ಷಾಯಿಣಮ್ಮ ದಿನಾ ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು, ಮಾತ್ರೆಯನ್ನು ನುಂಗದೆ ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ನುಂಗಿ ಹೋದರೆ ಬೈಗುಳ ದಂಡವಾಗುತ್ತದಲ್ಲ. ದನಿ ಒಡೆಯುತ್ತಿರಲಿಲ್ಲ, ತಡವರಿಸುತ್ತಿರಲಿಲ್ಲ. ವಿಶಾಲು ಪಕ್ಕದ ಕೋಣೆಯಲ್ಲೇ ಇದ್ದ ಹಾಗಿತ್ತು.

ಹತ್ತು ದಿನ ಹೀಗೆ ನಡೆಯಿತು. ಬೈಸಿಕೊಂಡ ಯಾತ್ರಿಕರು ಮೇಲಿನವರಿಗೆ ದೂರು ಬರೆದಿದ್ದರು. ದೊಡ್ಡ ಕಚೇರಿಯಿಂದ ಒಬ್ಬ ಎಂಜಿನಿಯರ್ ಬಂದ. ಒಳ್ಳೆಯ ಹುಡುಗ, ದಾಕ್ಷಾಯಿಣಮ್ಮನಿಗೆ ಕುರ್ಚಿ ಕೊಟ್ಟು ಮಾತಾಡಿಸಿದ.

“ನಿಮಗೆ ಬೇಡದ್ದನ್ನೆಲ್ಲ ತೆಗೀರಪ್ಪಾ. ಇದೊಂದನ್ನು ಬಿಟ್ಬಿಡಿ. ಯಾರಿಗೂ ತೊಂದರೆ ಕೊಡಲ್ಲ, ದಿನಕ್ಕೊಂದು ಸಲ ಕೂಗುತ್ತೆ ಅಷ್ಟೆ.”

“ಆರಿಸಿ ತೆಗೆಯೋಕೆ ನೋಡಿದೆ ಅಮ್ಮಾ. ಯಾವುದರ ಬೇರು ಯಾವುದಕ್ಕೆ ಸುತ್ಕೊಂಡಿದೆಯೋ ಗೊತ್ತಾಗ್ತಿಲ್ಲ. ತಪ್ಪು ಪ್ಲಾಟ್‌ಫಾರ್ಮ್ ಹೇಳಿದ್ರೆ ಜನ ಸಾಯ್ತಾರೆ. ಪೂರ್ತಿ ಒರೆಸಿ ಹೊಸದಾಗಿ ಹಾಕ್ಬೇಕು. ಸೋಮವಾರ ಒಂಬತ್ತಕ್ಕೆ.”

ದಾಕ್ಷಾಯಿಣಮ್ಮ ಆಸ್ಪತ್ರೆಯಲ್ಲಿ ಇಂಥ ಮಾತುಗಳನ್ನು ಬೇರೆಯವರಿಗೆ ಎಷ್ಟೋ ಸಲ ಹೇಳಿದವರು. ಕುರ್ಚಿಯಿಂದ ಎದ್ದರು.

“ನನ್ನ ಮೊಬೈಲಿನಲ್ಲಿ ಹಿಡಿದಿಟ್ಕೊಡ್ತೀನಿ ಅಕ್ಕಾ, ಬೇಕಾದಾಗೆಲ್ಲ ಕೇಳಿ,” ಎಂದರು ಕಾಳಮ್ಮ. ಮನೆಯಲ್ಲಿ ಜಗಳಕ್ಕೆ ಗಂಡ ಸಿಗದೆ ಅವರೂ ಇಳಿದುಹೋಗಿದ್ದರು.

“ಬೇಡ ಕಾಳಮ್ಮಾ. ನನಗೆ ಬೇಕಾದಾಗ ಬೈಯ್ಯೋಳಲ್ಲ ಅವಳು. ಅವಳಿಗೆ ಬೇಕಾದಾಗ ಬೈಯ್ಯೋಳು.”

ಸೋಮವಾರ ಎಂಟಕ್ಕೆ ವಿಶಾಲು ಕೊನೆಯ ಸಲ ಕೇಳಿದಳು. ಅಷ್ಟು ವರ್ಷ ನುಂಗಿದೆ ನುಂಗಿದೆ ಎಂದು ಸುಳ್ಳು ಹೇಳುತ್ತ ಬಂದಿದ್ದ ದಾಕ್ಷಾಯಿಣಮ್ಮ ಎದ್ದು ನಿಂತು, “ಇಲ್ಲ ಕಣೇ, ಇನ್ನೂ ನುಂಗಿಲ್ಲ,” ಎಂದರು. ಸೆರಗಿನ ಗಂಟು ಬಿಚ್ಚಿ, ನಲ್ಲಿಯ ನೀರಿನಲ್ಲಿ ನುಂಗಿದರು. ಒಂಬತ್ತಕ್ಕೆ ಎಂಜಿನಿಯರ್ ಗುಂಡಿ ಒತ್ತಿದ. ತಂಗುಕೋಣೆಗೆ ಸೆಖೆ ಬಂತು, ಎಂಜಿನ್ನು ಎಂಜಿನ್ನಿನ ಹಾಗೆ ಕೂಗಿತು. ಮ್ಯಾವ್ ಬೆಕ್ಕಿಗೆ ಮರಳಲಿಲ್ಲ, ಕೋಪ ಮೋನಾಚಾರರಿಗೆ ಮರಳಲಿಲ್ಲ. ಮೈಕಿನಲ್ಲಿ ಎಲ್ಲ ಊರಿನಲ್ಲೂ ಕೇಳುವ ನಯವಾದ ಹೆಣ್ಣುದನಿ, ಯಾತ್ರಿಕರ ಗಮನಕ್ಕೆ, ಎಂದಿತು.

ಮಂಗಳವಾರ ಕಾಲು ತಾನಾಗಿ ದಾಕ್ಷಾಯಿಣಮ್ಮನನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋಯಿತು. ಎಂಟಾಯಿತು, ಎಂಟೂಕಾಲಾಯಿತು. ಹೊಸದಾಗಿ ಬಂದಿದ್ದ ಟಿಕೆಟ್ ಕಲೆಕ್ಟರ್ ಎದುರಿಗೆ ಬಂದು ನಿಂತ.

“ಎಲ್ಲಮ್ಮಾ ಟಿಕೆಟ್ಟು?”

ದಾಕ್ಷಾಯಿಣಮ್ಮ ಕೈ ನೋಡಿಕೊಂಡರು. ಮರೆತೇಬಿಟ್ಟಿದ್ದರು.

“ಟಿಕೆಟ್ಟಿಲ್ದೆ ಒಳಗೆ ಬಂದು ಕೂತಿದೀರಲ್ಲಾ, ಓದು ಬರಹ ಬರಲ್ವಾ? ಹೊರಗೆ ಬೋರ್ಡು ಹಾಕಿರೋದು ಚಂದಕ್ಕಾ? ಇಷ್ಟು ವಯಸ್ಸಾಗಿದೆ, ಒಂದು ಜವಾಬ್ದಾರಿ ಬೇಡ್ವಾ?”

ಅವರು ಕತ್ತು ವಾಲಿಸಿ, ಕಣ್ಣು ಮುಚ್ಚಿ, ಕೊನೆಯವರೆಗೂ ಕೇಳಿದರು. ಮುಗಿಯಿತೆಂದು ಖಾತ್ರಿಯಾದ ಮೇಲೆ ಕಣ್ಣೊರೆಸಿಕೊಂಡು ಎದ್ದರು.

“ಪರವಾಗಿಲ್ಲಪ್ಪಾ, ಬೈತೀಯ,” ಎಂದರು. “ಆದ್ರೆ ಇನ್ನೂ ಅಭ್ಯಾಸ ಸಾಲದು.”