ಮುಳುಗಲೊಲ್ಲದ ಮರದೆತ್ತು

ನೆನಪು ಉಪ್ಪಿನಕಾಯಿಯ ಹಾಗೆ, ಹಳೆಯದಾದಷ್ಟೂ ರುಚಿ ಎನ್ನುವವರನ್ನು ಕಂಡರೆ ನನಗೆ ಅನುಮಾನ. ನನ್ನ ಮಟ್ಟಿಗೆ ನೆನಪು ನಿನ್ನೆಯ ಸಾರು. ಮತ್ತೆ ಮತ್ತೆ ಕುದಿಸುತ್ತೇವೆ, ಕುದಿಸುವಾಗಲೆಲ್ಲ ಒಂದಿಷ್ಟು ನೀರು, ಚಿಟಿಕೆ ಉಪ್ಪು ಸೇರಿಸುತ್ತೇವೆ. ಕೊನೆಗೆ ಬಡಿಸುವ ಹೊತ್ತಿಗೆ ಮೊದಲು ಹಾಕಿದ ಬೇಳೆಯ ಒಂದು ಕಾಳೂ ಉಳಿದಿರುವುದಿಲ್ಲ. ಆದರೂ ಅದೇ ಸಾರು ಎಂದು ಸೊರ್ರನೆ ಸುರಿಯುತ್ತೇವೆ. ಈ ಜ್ಞಾನ ನನಗೆ ಮೊದಲಿನಿಂದ ಇದ್ದದ್ದಲ್ಲ. ಕಳೆದ ಡಿಸೆಂಬರಿನಲ್ಲಿ ವಿದೇಶ ಪ್ರವಾಸ ಮಾಡಿ ಬಂದ ಮೇಲೆ ಹುಟ್ಟಿದ್ದು. ಹೋದ ವಿದೇಶ ಯಾವುದೆಂದರೆ ನಾಗಪುರ.

ನಗಬೇಡಿ. ನಾನು ಆಫ್ರಿಕಾದ ಬೋಟ್ಸ್‌ವಾನಾ ದೇಶದ ಗ್ಯಾಬರೋನ್ ಎಂಬ ಊರಿನಲ್ಲಿ ಶಾಲಾಮಕ್ಕಳಿಗೆ ಗಣಿತ ಕಲಿಸುತ್ತ ತಲೆ ನೆರೆಸಿಕೊಂಡವನು. ಪಾಸ್‌ಪೋರ್ಟೂ ಅಲ್ಲಿಯದೇ. ಹಾಗಾಗಿ ನಾನು ಈಜು ಕಲಿತ, ಸೈಕಲ್ಲಿನಿಂದ ಬಿದ್ದ, ಹತ್ತನೇ ಇಯತ್ತೆಯಲ್ಲಿ ಮರಾಠಿ ಪೇಪರಿಗೆ ಹೆದರಿ ಅತ್ತ ಊರಿಗೆ ಹೋಗಲು ನನಗೆ ವೀಸಾ ಬೇಕು. ವಿಮಾನ ನಿಲ್ದಾಣದ ಅಧಿಕಾರಿ ನನ್ನ ಮುಖವನ್ನೂ ಪಾಸ್‌ಪೋರ್ಟನ್ನೂ ನೋಡಿ, "ಪಹಲೀ ಬಾರ್ ನಾಗಪುರ್?" ಎಂದು ಕೇಳಿದ. ಮೊದಲ ಸಲವೇ ಎಂದರೆ ಏನು ಹೇಳುವುದು? ನಾನು ತಡವರಿಸುತ್ತಿದ್ದಾಗ ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಮಾ, "ಹೂಂ ಅನ್ನಿ ಸಾಕು, ನಿಮ್ಮ ಜೀವನಚರಿತ್ರೆ ಶುರು ಮಾಡ್ಬೇಡಿ, ಹಿಂದೆ ಜನ ನಿಂತಿದಾರೆ" ಎಂದು ಪಿಸುಗುಟ್ಟಿದಳು. ಸುಮಾ ಮೈಸೂರಿನವಳು. ನಮ್ಮ ಧಾರವಾಡದ ಕಡೆಯವರು ಒಂದು ಕಥೆಯನ್ನು ಅದರ ಅಜ್ಜ ಮುತ್ತಜ್ಜರಿಂದ ಹಿಡಿದು ಹೇಳುತ್ತೇವೆಂಬುದು ಅವಳ ಸ್ಥಿರ ಅಭಿಪ್ರಾಯ.

ನನ್ನ ಅಪ್ಪ ಕೇಂದ್ರ ಸರಕಾರದ ನೌಕರಿಯ ಮೇಲೆ ಧಾರವಾಡದಿಂದ ನಾಗಪುರಕ್ಕೆ ಬಂದವರು. ಅಲ್ಲಿ ವಾಡೆ ಎನ್ನುವ ಒಂದೇ ವಠಾರದಲ್ಲಿ ಬಾಡಿಗೆಗಿದ್ದ ಮೂರು ಕನ್ನಡ ಮನೆಗಳ ಹುಡುಗರು ನಾವು: ನಾನು, ಮಲ್ಯಾ, ವೆಂಕ್ಯಾ. ಮಲ್ಲಿಕಾರ್ಜುನ ಈಗ ಇತವಾರಿ ಪೇಟೆಯಲ್ಲಿ ಸೀರೆಯ ಸಗಟು ವ್ಯಾಪಾರಿ. ವೆಂಕಟೇಶ ಸಿವಿಲ್ ಲೈನ್ಸಿನ ಸರಕಾರಿ ಕಚೇರಿಯೊಂದರಲ್ಲಿ ಅಧಿಕಾರಿಯಾಗಿ, ಈಗಷ್ಟೇ ನಿವೃತ್ತನಾದವನು. ಇಬ್ಬರಿಗೂ ಹೊಟ್ಟೆ ಬಂದಿದೆ, ಮೊಮ್ಮಕ್ಕಳು ಬಂದಿದ್ದಾರೆ, ಆದರೆ ಹೆಸರುಗಳು ಮಾತ್ರ ಬೆಳೆದಿಲ್ಲ.

ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಹಳೆಯದನ್ನೆಲ್ಲ ಮೆಲುಕು ಹಾಕಬೇಕೆಂಬುದು ನನ್ನ ಪ್ರವಾಸದ ಉದ್ದೇಶ. ಬಂದ ದಿನವೇ ತಿಳಿಯಿತು, ಅವರಿಬ್ಬರು ಮಾತು ಬಿಟ್ಟು ಎರಡು ವರ್ಷವಾಗಿದೆ. ಕಾರಣ ಕೇಳಿದರೆ ನೀವು ನಂಬುವುದಿಲ್ಲ. ಒಂದು ಮರದ ಎತ್ತು.

ಆ ಎತ್ತಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಾಗಪುರದಲ್ಲಿ ಎತ್ತುಗಳನ್ನು ಪೂಜಿಸುವ ಪೋಳಾ ಹಬ್ಬದ ಮಾರನೆಯ ದಿನ ಮಕ್ಕಳ ಪೋಳಾ. ಗಾಲಿ ಹಚ್ಚಿದ ಮರದ ಎತ್ತುಗಳಿಗೆ ಜೂಲು ಹೊದಿಸಿ, ಹಾರ ಹಾಕಿ ಮಕ್ಕಳು ಮನೆಮನೆಗೆ ಎಳೆದುಕೊಂಡು ಹೋಗುತ್ತಾರೆ. ತಿಂಡಿ, ಚಿಲ್ಲರೆ ಸಿಗುತ್ತದೆ. ನಮಗೆ ಎತ್ತಿರಲಿಲ್ಲ. ವಾಡೆಯ ಮಾಲೀಕರಾದ ಆಜೋಬಾ, ಕನ್ನಡದ ಹುಡುಗರೂ ಸುಖಪಡಲಿ ಎಂದು ತಮ್ಮ ಅಜ್ಜನ ಕಾಲದ ಸಾಗುವಾನಿ ಎತ್ತನ್ನು ಕೊಟ್ಟರು. ಈಗ ನಮ್ಮ ಪಾಂಡಿತ್ಯ ನೋಡಿ. ನಮ್ಮ ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ನಡೆಯುತ್ತಿತ್ತು. ಅಮ್ಮಂದಿರು ಮಣ್ಣಿನ ಎತ್ತು ಮಾಡಿ, ಪೂಜಿಸಿ, ಆಮೇಲೆ ನೀರಿಗೆ ಬಿಡುತ್ತಿದ್ದರು. ಪೂಜೆಯಾದ ಎತ್ತನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂಬ ಶಾಸ್ತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮೆರವಣಿಗೆ ಮುಗಿದದ್ದೇ ಆಜೋಬಾರ ಎತ್ತನ್ನು ಫುಟಾಳಾ ಕೆರೆಗೆ ಒಯ್ದು ಭಕ್ತಿಯಿಂದ ವಿಸರ್ಜನೆ ಮಾಡಿದೆವು.

ಮಣ್ಣೆತ್ತಾದರೆ ಮರ್ಯಾದೆಯಿಂದ ಕರಗುತ್ತದೆ. ಸಾಗುವಾನಿ ಎತ್ತು ಅಂಗಾತ ತಿರುಗಿ, ನಾಲ್ಕು ಗಾಲಿಗಳನ್ನು ಆಕಾಶಕ್ಕೆ ಮಾಡಿಕೊಂಡು, ಗಾಳಿ ಬೀಸಿದತ್ತ ಹೊರಟೇಬಿಟ್ಟಿತು. ಕೋಲಿನಿಂದ ಅದುಮಿದೆವು, ಕಲ್ಲು ಹೊಡೆದೆವು, ದೇವರೇ ಮುಳುಗಪ್ಪಾ ಎಂದು ಕೈ ಮುಗಿದೆವು. ಅದು ನಡುಗೆರೆಗೆ ಸಾಗುವುದನ್ನು ಕಂಡಾಗ ಆಜೋಬಾರ ಬೆತ್ತ ನೆನಪಾಗಿ, ನಮ್ಮಲ್ಲೊಬ್ಬ ನೀರಿಗೆ ಹಾರಿ, ಅದರ ಕೊಂಬು ಹಿಡಿದು ದಡಕ್ಕೆ ಎಳೆದು ತಂದ.

ಆ ಒಬ್ಬ ಯಾರು? ಅಲ್ಲೇ ಇರುವುದು ಜಗಳ. ಎರಡು ವರ್ಷದ ಹಿಂದೆ ಅಲ್ಲಿನ ಕನ್ನಡಿಗರೆಲ್ಲ ಸೇರಿದ್ದ ಸಮಾರಂಭವೊಂದರಲ್ಲಿ ವೆಂಕ್ಯಾ ವೇದಿಕೆ ಹತ್ತಿ, ತಾನು ಎತ್ತು ಉಳಿಸಿದ ಕಥೆ ಹೇಳಿದನಂತೆ. ಸಭೆಯ ನಡುವಿನಿಂದ ಮಲ್ಯಾ ಎದ್ದು, "ಸುಳ್ಳ ಹೇಳಬ್ಯಾಡಲೇ, ಹಾರಿದಾಂವ ನಾ! ನೀ ದಂಡಿ ಮ್ಯಾಲ ನಿಂತ ಅಳಾಕತ್ತಿದ್ದಿ!" ಎಂದು ಕೂಗಿದನಂತೆ. ಅಧಿಕಾರಿಗೆ ಅಷ್ಟು ಜನರೆದುರು ಅಳುಬುರುಕ ಎನ್ನಿಸಿಕೊಂಡರೆ ಹೇಗಾಗಬೇಡ? ಅಂದಿನಿಂದ ಹೋಗುವುದಿಲ್ಲ, ಬರುವುದಿಲ್ಲ. ಈ ಫೆಬ್ರವರಿಯಲ್ಲಿ ವೆಂಕ್ಯಾನ ಮಗನ ಮದುವೆ. ಆ ಹುಡುಗನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮಲ್ಯಾನಿಗೆ ಕರೆಯಿಲ್ಲ.

ನಾವು ಯಾರ ಮನೆಯಲ್ಲೂ ಇಳಿಯದೆ ಲಾಡ್ಜಿನಲ್ಲಿ ಉಳಿದೆವು. ಒಬ್ಬನ ಮನೆಯಲ್ಲಿ ಇಳಿದರೆ ಇನ್ನೊಬ್ಬನ ಪಾಲಿಗೆ ಸತ್ತಂತೆ. ಮೊದಲ ದಿನ ಮಲ್ಯಾ ಕಾರು ತಂದ. "ಏನಲೇ ರಾಘ್ಯಾ, ಆಫ್ರಿಕಾದ ಆನಿ ಆಗಿ ಬಂದೀಯಲ್ಲೋ! ಬರ್ರಿ ವೈನಿ, ನಿಮಗ ನಮ್ಮ ನಾಗಪುರ ತೋರಸ್ತೀನಿ" ಎಂದು ಸೀದಾ ತರ್ರಿ ಪೋಹಾದ ಗಾಡಿಗೆ ಒಯ್ದ. ಬಿಸಿ ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ರಸ ಸುರಿದು ಕೊಡುತ್ತಾರೆ. ಆ ರಸವೇ ತರ್ರಿ. ಬೆಂಕಿಗೆ ಬಣ್ಣ ಕಟ್ಟಿ ಬಟ್ಟಲಿಗೆ ಹಾಕಿದಂತಿರುತ್ತದೆ. ಅಲ್ಲಿಂದ ಫುಟಾಳಾ. ದಂಡೆಯ ಒಂದು ಮೂಲೆ ತೋರಿಸಿ, "ಇಲ್ಲಿಂದನ ನಾ ಹಾರಿದ್ದು, ನೆನಪೈತಿಲ್ಲೋ?" ಎಂದ. ಅಲ್ಲಿಂದ ನಮ್ಮ ವಾಡೆ ಇದ್ದ ಜಾಗ. ಈಗ ಅಲ್ಲಿ ಅಪಾರ್ಟ್‌ಮೆಂಟು ನಿಂತಿದೆ. ಮಧ್ಯಾಹ್ನ ಅವನ ಮನೆಯಲ್ಲಿ ಊಟ. ಹೊರಡುವಾಗ ಅವನ ಹೆಂಡತಿ ಸುಮಾಳ ಉಡಿ ತುಂಬಿದಳು: ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ.

ಎರಡನೆಯ ದಿನ ವೆಂಕ್ಯಾ ಕಾರು ತಂದ. ಅದೇ ಗಾಡಿ. ನಾನು ಮೊದಲ ಸಲ ಬಂದವನಂತೆ "ಓಹೋ, ಇನ್ನೂ ಐತೇನೋ ಇದು!" ಎಂದು ಕಣ್ಣರಳಿಸಿದೆ. ಗಾಡಿಯವನು ನನ್ನ ಮುಖ ನೋಡಿ ನಕ್ಕು, "ಸಾಹೇಬ್, ಕಲ್ ಭೀ ಆಯೇ ಥೇ ನಾ? ತರ್ರಿ ಜ್ಯಾದಾ?" ಎಂದುಬಿಟ್ಟ. ನಿನ್ನೆಯೂ ಬಂದಿದ್ದಿರಲ್ಲ ಎಂಬ ಮಾತಿಗೆ ವೆಂಕ್ಯಾನ ಹುಬ್ಬು ಮೇಲೇರಿತು. ಸುಮಾ ತಕ್ಷಣ, "ಇವರ ಮುಖಾನೇ ಹಾಗೆ, ಎಲ್ಲಿ ಹೋದ್ರೂ ಯಾರನ್ನೋ ಹೋಲ್ತಾರೆ" ಎಂದಳು. ನನ್ನನ್ನು ಉಳಿಸಿದಳೋ ಬೈದಳೋ ಇನ್ನೂ ತೀರ್ಮಾನವಾಗಿಲ್ಲ. ಮತ್ತೆ ಫುಟಾಳಾ. ವೆಂಕ್ಯಾ ತೋರಿಸಿದ ಮೂಲೆ ಬೇರೆ. "ನಾ ಹಾರಿದ್ದು ಇಲ್ಲಿ. ಮಲ್ಯಾಗ ಈಜಾಕ ಎಲ್ಲಿ ಬರ್ತಿತ್ತೋ? ಅಂವಗ ಇವತ್ತಿಗೂ ಬಕೀಟಿನ್ಯಾಗಿನ ನೀರು ಕಂಡ್ರ ಹೆದರಿಕಿ!" ಮತ್ತೆ ಅಪಾರ್ಟ್‌ಮೆಂಟು, ಮತ್ತೆ ಊಟ, ಮತ್ತೆ ಉಡಿ. ಅವನ ಮನೆಯ ಹಜಾರದಲ್ಲಿ ಮದುವೆಗೆಂದು ಕೊಂಡ ಸೀರೆಗಳ ರಾಶಿ ಇತ್ತು, ಬೇರೆ ಯಾವುದೋ ಅಂಗಡಿಯವು. ಸುಮಾ ಒಂದೊಂದನ್ನೂ ಮುಟ್ಟಿ ನೋಡಿ ಹೊಗಳಿದಳು. ಲಾಡ್ಜಿಗೆ ಬಂದಾಗ ಮಂಚದ ಮೇಲೆ ಎರಡು ತೆಂಗಿನಕಾಯಿಗಳು ಅಕ್ಕಪಕ್ಕ ಕುಳಿತಿದ್ದವು, ಮಾತು ಬಿಟ್ಟವರ ಹಾಗೆ.

ಕಷ್ಟ ಶುರುವಾದದ್ದು ಆಮೇಲೆ. ಇಬ್ಬರೂ ಬೇರೆಬೇರೆಯಾಗಿ ನನ್ನ ಭುಜ ಹಿಡಿದು ಒಂದೇ ಮಾತು ಹೇಳಿದ್ದರು: ಸಾಕ್ಷಿ ಇರುವವನು ನೀನೊಬ್ಬನೇ, ನಿಜ ಹೇಳು, ಮುಗಿಸಿಬಿಡು. ವೆಂಕ್ಯಾ ಇನ್ನೂ ಸ್ಪಷ್ಟವಾಗಿ, "ಅಂವ ತಪ್ಪ ಒಪ್ಪಲಿ, ನಾಳೆನ ಅಂವನ ಮನಿಗೆ ಹೋಗಿ ಕುಂಕುಮ ಹಚ್ಚಿ ಮದವಿಗೆ ಕರೀತೀನಿ" ಎಂದಿದ್ದ. ಸಾಕ್ಷಿ ಹೇಳಲು ನಾನು ಸಿದ್ಧನೇ. ತೊಡಕೆಂದರೆ, ನೀರಿಗೆ ಹಾರಿದ್ದು ನಾನು.

ಹೌದು, ನಾನು. ಗ್ಯಾಬರೋನಿನಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದ ಪ್ರತಿಯೊಬ್ಬರಿಗೂ ಈ ಕಥೆಯನ್ನು ಹೇಳಿದ್ದೇನೆ. ಎತ್ತಿನ ಸುಣ್ಣದ ಬಿಳಿ ಕಣ್ಣು ನನ್ನನ್ನೇ ದಿಟ್ಟಿಸಿದ್ದು, ಕಾಲ್ಬೆರಳ ಸಂದಿಗೆ ಕೆಸರು ಹೊಕ್ಕಿದ್ದು, ಎಲ್ಲ ಗೊತ್ತು. ಕಿವಿಗೆ ನೀರು ಹೋಗಿ ವಾರಗಟ್ಟಲೆ ಕಾಡಿದ ನೋವಂತೂ ನೆನೆದರೆ ಈಗಲೂ ಚುಳ್ ಎನ್ನುತ್ತದೆ. ಇಷ್ಟು ವಿವರ ಇರುವ ನೆನಪು ಸುಳ್ಳಾಗುವುದು ಹೇಗೆ? ಗೆಳೆಯರ ಮುಂದೆ ಇದುವರೆಗೆ ಸುಮ್ಮನಿದ್ದದ್ದು ದೊಡ್ಡತನದಿಂದ. "ಸುಮ್ನೆ ಮಲ್ಲಿಕಾರ್ಜುನ ಅವರು ಅಂದ್ಬಿಡಿ, ಇಲ್ಲ ವೆಂಕಟೇಶ್ ಅವರು ಅನ್ನಿ. ಒಬ್ಬರಾದ್ರೂ ಉಳೀತಾರೆ" ಎಂದಳು ಸುಮಾ. ಗಣಿತದ ಮೇಷ್ಟ್ರು ಉತ್ತರ ಗೊತ್ತಿದ್ದೂ ತಪ್ಪು ಬರೆಯಲಾದೀತೇ? ನಾನು ಇಬ್ಬರಿಗೂ ಫೋನು ಮಾಡಿ, ಇನ್ನೊಬ್ಬ ಬರುವ ಸುದ್ದಿ ಎತ್ತದೆ, ಮರುದಿನ ಬೆಳಿಗ್ಗೆ ಪೋಹಾ ಗಾಡಿಯ ಹತ್ತಿರ ಬರಹೇಳಿದೆ.

ಬಂದರು. ನನ್ನನ್ನೂ ಸುಮಾಳನ್ನೂ ಕಂಡು ನಕ್ಕವರು, ಒಬ್ಬರನ್ನೊಬ್ಬರು ಕಂಡು ಬೆನ್ನು ತಿರುಗಿಸಿದರು. ಗಾಡಿಯ ಈಚೆ ಒಂದು ಹೊಟ್ಟೆ, ಆಚೆ ಒಂದು ಹೊಟ್ಟೆ, ನಡುವೆ ತರ್ರಿ ಕುದಿಯುತ್ತಿತ್ತು.

"ಹೇಳಪಾ ಜಲ್ದಿ, ದುಕಾನ ತಗೀಬೇಕು" ಎಂದ ಮಲ್ಯಾ, ರಸ್ತೆಗೆ.

"ಹೇಳಲಿ, ನಂದೇನು ಅಂಜಿಕಿಲ್ಲ" ಎಂದ ವೆಂಕ್ಯಾ, ಮರಕ್ಕೆ.

ನಾನು ಗಂಟಲು ಸರಿಮಾಡಿಕೊಂಡು, "ತಪ್ಪ ತಿಳೀಬ್ಯಾಡ್ರಿ. ಹಾರಿದಾಂವ ಮಲ್ಯಾನೂ ಅಲ್ಲ, ವೆಂಕ್ಯಾನೂ ಅಲ್ಲ. ನಾ" ಎಂದೆ.

ಗಾಡಿಯವನ ಸೌಟು ಕೂಡ ನಿಂತಿತು. ಎರಡು ಹೊಟ್ಟೆಗಳೂ ನಿಧಾನವಾಗಿ ಇತ್ತ ತಿರುಗಿದವು. ಎರಡು ವರ್ಷದ ಮೇಲೆ ಮೊದಲ ಮಾತು ಮಲ್ಯಾನ ಬಾಯಿಂದ ಬಂತು. ನನಗಲ್ಲ.

"ಏ ವೆಂಕ್ಯಾ, ಇಂವ ಎಲ್ಲಿದ್ದನೋ ಆವತ್ತ?"

"ಅದನ್ನ ನಾನೂ ವಿಚಾರ ಮಾಡಾಕತ್ತೀನಿ" ಎಂದ ವೆಂಕ್ಯಾ. "ಇಂವಗ ಮಂಗನಬಾವು ಆಗಿತ್ತಲ್ಲಲೇ?"

"ಬರೋಬರ್! ಮಂಗನಬಾವು! ಮಾರಿ ಕುಂಬಳಕಾಯಿ ಆಗಿತ್ತು. ಅವರವ್ವ ಕಿವಿ ಸುತ್ತ ಮಫ್ಲರ್ ಕಟ್ಟಿ ಕಿಟಕ್ಯಾಗ ಕುಂದರ್ಸಿದ್ಲು!"

"ಕೆರಿಯಿಂದ ಸೀದಾ ಇಂವನ ಕಿಟಕಿ ಮುಂದ ಹೋಗಿ ಎಲ್ಲಾ ಹೇಳಿದ್ವಿ ನಾವು. ಬಾಯಿ ತಗದ ಕೇಳಾಕತ್ತಿದ್ದ. ತಗದ ಬಾಯಿ ಮುಚ್ಚಾಕ ಬರಲಾರದ ಒದ್ದಾಡಿದ!"

"ಆಫ್ರಿಕಾಕ್ಕ ಹೋಗಿ ನಮ್ಮ ಎತ್ತ ಹೊಡಕೊಂಡಾನ ಮಗ!" ಮಲ್ಯಾ ನಗತೊಡಗಿದ. ವೆಂಕ್ಯಾ ಅವನ ಹೆಗಲು ಹಿಡಿದುಕೊಂಡು ನಕ್ಕ. ನಗು ತಡೆಯಲಾರದೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಸಿದರು. ನಾನು ನಿಂತೇ ಇದ್ದೆ. ಕೈ ತಾನಾಗಿ ಕಿವಿಗೆ ಹೋಯಿತು. ಕಿವಿಯೊಳಗಲ್ಲ, ಸ್ವಲ್ಪ ಕೆಳಗೆ, ದವಡೆಯ ಮೂಲೆಯಲ್ಲಿ ಚುಳ್ ಎಂದಿತು.

"ಹಂಗಾರ ಹಾರಿದವರು ಯಾರು?" ಎಂದು ಸಣ್ಣ ದನಿಯಲ್ಲಿ ಕೇಳಿದೆ.

ವೆಂಕ್ಯಾ ಕಣ್ಣೊರೆಸಿಕೊಂಡ. "ಯಾರರೆ ಇರಲಿ ಬಿಡಪಾ. ನೀ ಅಂತೂ ಅಲ್ಲ."

ಇದೇ ಒಪ್ಪಂದದ ಮೇಲೆ ಸಂಧಾನವಾಯಿತು. ನಾಲ್ಕು ತಟ್ಟೆ ಪೋಹಾ ಬಂದಾಗ ಮಲ್ಯಾ ತಟ್ಟೆ ನೋಡುತ್ತಲೇ, "ಮದವಿ ಸೀರಿ ಎಲ್ಲಿ ತಗೊಂಡ್ಯೋ?" ಎಂದು ಕೇಳಿದ. ವೆಂಕ್ಯಾ ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿದ. "ಎಲ್ಲಿ ತಗೊಳ್ಳಲಿ? ನಿನ್ನ ಬಿಟ್ಟ? ಇನ್ನೂ ತಗೊಂಡಿಲ್ಲ" ಎಂದ. ಹಿಂದಿನ ದಿನವಷ್ಟೇ ಆ ಸೀರೆಗಳ ಸೆರಗು ಮುಟ್ಟಿ ಹೊಗಳಿದ್ದ ಸುಮಾ ನನ್ನತ್ತ ನೋಡಲಿಲ್ಲ. ತರ್ರಿ ಖಾರ ಎಂಬಂತೆ ನೀರು ಕುಡಿದಳು. ವೆಂಕ್ಯಾ ಅಲ್ಲಿಂದ ನೇರ ಮಲ್ಯಾನ ಮನೆಗೆ ಕುಂಕುಮ ಹಚ್ಚಲು ಹೋದ. ಈಗ ಅವನ ಮನೆಯಲ್ಲಿ ಎರಡು ಮದುವೆಗಾಗುವಷ್ಟು ಸೀರೆ ಇದೆಯಂತೆ.

ಗ್ಯಾಬರೋನಿಗೆ ಮರಳಿದ ಮೇಲೆ ಎತ್ತಿನ ಕಥೆ ಹೇಳುವುದನ್ನು ಬಿಟ್ಟಿದ್ದೇನೆ. ಅದರ ಬದಲು, ಮಾತು ಬಿಟ್ಟ ಇಬ್ಬರು ಗೆಳೆಯರಿಗೆ ನಾನು ಉಪಾಯದಿಂದ ಫೋನು ಮಾಡಿ ಅವರನ್ನು ಒಂದುಗೂಡಿಸಿದ ಕಥೆ ಹೇಳುತ್ತೇನೆ. ಜನ ಮೆಚ್ಚುತ್ತಾರೆ. ಅದನ್ನೇ ಬರೆದೂ ಇಡೋಣವೆಂದು ಇಷ್ಟು ಬರೆದು ಸುಮಾಳ ಕೈಗೆ ಕೊಟ್ಟೆ. ಪುಟ ತಿರುಗಿಸುತ್ತ ಒಂದು ಕಡೆ ಅವಳ ಬೆರಳು ನಿಂತಿತು.

"ಫೋನ್ ಮಾಡಿದ್ದು ನಾನಲ್ವೇನ್ರೀ? ಎರಡು ದಿನ ತರ್ರಿ ತಿಂದು, ಹೊಟ್ಟೆ ಹಿಡ್ಕೊಂಡು ಲಾಡ್ಜಲ್ಲಿ ಮಲಗಿದ್ರಿ ನೀವು. ನಾನು ಬಂದು ಹೇಳ್ದೆ, ನೀವು ಬಾಯಿ ತೆಗೆದುಕೊಂಡು ಕೇಳಿದ್ರಿ."

ಇರಲಾರದು. ಕಿಟಕಿಯ ಪಕ್ಕ ನಿಂತು ಮೊದಲು ಮಲ್ಯಾನ ನಂಬರು ಒತ್ತಿದ್ದು, ಕೆಳಗೆ ಯಾರೋ ಕಿತ್ತಳೆಯ ಗಾಡಿ ತಳ್ಳುತ್ತಿದ್ದದ್ದು, ಫೋನು ಕಿವಿಗೆ ಬಿಸಿಯಾಗಿ ತಾಗಿದ್ದು, ಎಲ್ಲ ನನಗೆ ಸ್ಪಷ್ಟವಾಗಿ ನೆನಪಿದೆ.