ಗೋಡೆಗೆ ತಲೆಸ್ನಾನ

ಹಾಲಸ್ವಾಮಿ ಒದ್ದೆ ಬಟ್ಟೆಯಿಂದ ನಡುಮನೆಯ ಗೋಡೆ ಒರೆಸಿದ್ದೇ ತಪ್ಪಾಯಿತು. ಅಷ್ಟು ಹೊತ್ತೂ ಮಸಿಯ ಕೆಳಗೆ ಮರ್ಯಾದೆಯಾಗಿ ಅಡಗಿದ್ದ ಕಲೆ, ನಿದ್ದೆಯಿಂದ ಎದ್ದು ಮುಖ ತೊಳೆದುಕೊಂಡು ಬಂದವರ ಹಾಗೆ ಎದುರಿಗೆ ನಿಂತಿತು.

ಎಣ್ಣೆಯ ಕಲೆ. ನೆಲದ ಮೇಲೆ ಕೂತವರ ತಲೆಯ ಮಟ್ಟಕ್ಕೆ, ಒಂದು ರಾಗಿರೊಟ್ಟಿಯಷ್ಟು ಅಗಲ. ಅದರ ಪಕ್ಕದಲ್ಲಿ ಒಂದು ಗೇಣು ಕೆಳಗೆ ಇನ್ನೊಂದು ಸಣ್ಣದು, ಹಸುವಿನ ಮಗ್ಗುಲಿಗೆ ಕರು ನಿಂತ ಹಾಗೆ. ಯಾರೋ ವರ್ಷಗಟ್ಟಲೆ ಎಣ್ಣೆತಲೆಯನ್ನು ಅಲ್ಲಿ ಒರಗಿಸಿದ್ದರು. ತೆಂಗಿನ ಸೀಮೆಯ ಗೋಡೆಗಳಿಗೆ ಇದು ಹೊಸದೇನಲ್ಲ. ಆದರೆ ಇವತ್ತು ನಾಲ್ಕು ಗಂಟೆಯ ಬಸ್ಸಿಗೆ ಹಂದನಕೆರೆಯಿಂದ ಗಿರಿಜಾಂಬಿಕಾ ಬರುವವಳಿದ್ದಳು.

ಹೆರಿಗೆಗೆಂದು ತೌರಿಗೆ ಹೋದ ಹೆಂಡತಿ ಎಂಟು ತಿಂಗಳಾದರೂ ವಾಪಸಾಗಿರಲಿಲ್ಲ. ಮಗು ಒಂಬತ್ತು ದಿನ ಇದ್ದು ಹೋಯಿತು. ಆಮೇಲೆ ಹಾಲಸ್ವಾಮಿ ಮೂರು ಸಲ ಹಂದನಕೆರೆಗೆ ಹೋಗಿಬಂದ. ಮೂರು ಸಲವೂ ಗಿರಿಜೆ ಕಾಫಿ ತಂದುಕೊಟ್ಟಳು, ಲೋಟ ತೆಗೆದುಕೊಂಡು ಒಳಗೆ ಹೋದಳು. ತುರುವೇಕೆರೆಯಲ್ಲಿ ಅಣ್ಣನ ತುಂಬಿದ ಮನೆಯಲ್ಲಿ ಎರಡು ವರ್ಷ ಸಂಸಾರ ಮಾಡಿದ್ದರೂ ಅವರಿಬ್ಬರೇ ಅರ್ಧ ಗಂಟೆ ಕೂತು ಮಾತಾಡಿದ್ದಿಲ್ಲ. ಹಾಗಿರುವಾಗ ದುಃಖವನ್ನು ಎಲ್ಲಿಂದ ಶುರುಮಾಡಿ ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಅವನಿಗೆ ಚಿಕ್ಕನಾಯಕನಹಳ್ಳಿಗೆ ವರ್ಗವಾದಾಗ ಮಾವ ಪರಮಶಿವಯ್ಯ ಮೇಷ್ಟ್ರು ಒಂದು ಕಾರ್ಡು ಬರೆದರು. ‘ಮಲ್ಲಿಕಾರ್ಜುನಯ್ಯನವರ ಮನೆ ಖಾಲಿ ಇದ್ದರೆ ಅದನ್ನೇ ಹಿಡಿಯುವುದು. ಅಲ್ಲಿಗಾದರೆ ಗಿರಿಜೆ ಬರುತ್ತಾಳಂತೆ. ಮನೆ ಹೇಗಿದ್ದರೂ ಸರಿ.’

ಊರಲ್ಲಿ ಇಷ್ಟೊಂದು ಮನೆಗಳಿರುವಾಗ ಈ ಕತ್ತಲೆಗೂಡೇ ಯಾಕೆ ಎಂದು ಹಾಲಸ್ವಾಮಿ ಯೋಚಿಸಿದ. ಹಿತ್ತಲ ಬಾವಿಯ ನೀರು ಸಿಹಿ, ಅದಕ್ಕೇ ಇರಬೇಕು ಎಂದು ಸಮಾಧಾನ ಮಾಡಿಕೊಂಡ. ‘ಹೇಗಿದ್ದರೂ ಸರಿ’ ಎಂಬುದು ಮಾವನವರ ದೊಡ್ಡತನ. ಅಳಿಯನಾದವನು ಅದನ್ನು ನಂಬಿ ಕೈಕಟ್ಟಿ ಕೂರುವುದುಂಟೆ?

ಮನೆಯೋ, ಮಲ್ಲಿಕಾರ್ಜುನಯ್ಯನವರು ಅಟ್ಟದ ತುಂಬ ಕಾಯಿ ಪೇರಿಸಿ ಕೆಳಗೆ ಹೊಗೆ ಹಾಕಿ ಕೊಬ್ಬರಿ ಮಾಡುತ್ತಿದ್ದ ಮನೆ. ಹಾಲಸ್ವಾಮಿ ಎರಡು ದಿನ ರಜಾ ಹಾಕಿ ಜೇಡ ಹೊಡೆದ, ನೆಲ ತೊಳೆದ. ಮೇಜಿಗೆ ಅಂಟುವಾಳದ ನೊರೆ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದ ರಭಸಕ್ಕೆ ಅದರ ಕೊಳೆಯ ಜೊತೆ ಒಂದು ಕಾಲೂ ಸಡಿಲವಾಯಿತು. ತಿಗಣೆ ತುಂಬಿದ ಮಂಚವನ್ನು ಬೀದಿಗೆ ತಂದು ಸಂದಿಗೊಂದಿಗೆಲ್ಲ ಕುದಿಯುವ ನೀರು ಹೊಯ್ದ. ಅದು ಸೋತ ಪೈಲ್ವಾನನಂತೆ ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಬಿಸಿಲಲ್ಲಿ ಬಿದ್ದಿತ್ತು. ಉಳಿದಿದ್ದು ಈ ಗೋಡೆ ಒಂದೇ.

“ಏನ್ರೀ ಅದು, ಬಸ್ ತಪ್ಪಿದೋರ ಹಂಗೆ ಗೋಡೆ ನೋಡ್ಕಂಡ್ ನಿಂತಿದ್ದೀರಿ?” ಎದುರುಮನೆ ಗುರುಶಾಂತಮ್ಮ ಸಗಣಿ ಕೈಯಲ್ಲೇ ಒಳಗೆ ಬಂದಳು.

“ಕಲೆ ಕಣ್ರೀ. ಯಾರ್ದೋ ತಲೆ ಎಣ್ಣೆ. ಮುಂಚೆ ಯಾರಿದ್ರು ಈ ಮನೇಲಿ?”

“ನಾನು ಈ ಬೀದಿಗೆ ಸೊಸೆಯಾಗಿ ಬಂದು ಆರು ವರ್ಷ. ಅವತ್ನಿಂದ ಇಲ್ಲಿ ಬಾಡಿಗೆಗಿದ್ದಿದ್ದು ಬರೀ ತೆಂಗಿನಕಾಯಿ. ಅವು ತಲೆಗೆ ಎಣ್ಣೆ ಹಚ್ಕಳಲ್ಲ.” ಹತ್ತಿರ ಹೋಗಿ ನೋಡಿ ಮುಖ ಕಿವಿಚಿದಳು. “ಯಾವಳೋ ಒರಗಿದ್ ಜಾಗ. ಮನೆಗ್ ಕಾಲಿಟ್ಟ ತಕ್ಷಣ ನಿಮ್ಮಾಕೆ ಕಣ್ಣಿಗೆ ಇದು ಬಿದ್ರೆ ಹೆಂಗ್ರೀ? ಮೊದ್ಲೇ ನೊಂದ ಜೀವ. ಬಂದ ಬಸ್ಸಿಗೇ ಹತ್ಕಂಡ್ ಹೊಂಟೋದ್ರೆ?”

ಹಾಲಸ್ವಾಮಿ ಒದ್ದೆ ಬಟ್ಟೆ ಕೆಳಗಿಟ್ಟ. “ಏನ್ ಮಾಡಾಣ ಹೇಳಿ.”

“ಎಣ್ಣೆತಲೆಗೆ ಏನ್ ಹಾಕ್ತೀವಿ? ಸೀಗೆಪುಡಿ. ಗೋಡೇಗೂ ಅದೇ.”

ಹಂಡೆ ನೀರು ಕಾಯಿತು. ಹಾಲಸ್ವಾಮಿ ಪಂಚೆ ಎತ್ತಿಕಟ್ಟಿ ಗೋಡೆಯ ತಲೆಗೆ ಸೀಗೆಪುಡಿ ಹಚ್ಚಿ ತಿಕ್ಕಿದ, ತಂಬಿಗೆ ತಂಬಿಗೆ ನೀರು ಎರೆದ. ಸೀಗೆಯ ಘಾಟಿಗೆ ಅವನು ಸೀನಿದ, ಗುರುಶಾಂತಮ್ಮ ಸೀನಿದಳು, ಬಾಗಿಲಲ್ಲಿ ನಿಂತಿದ್ದ ಅವಳ ಕರು ಕೂಡ ಸೀನಿತು.

“ಹಂಗಲ್ಲ, ಮೇಲಿಂದ ಹೊಯ್ರಿ. ಬಾಣಂತಿಗೆ ಎರೆಯೋ ಹಂಗೆ...” ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಹಾಲಸ್ವಾಮಿ ಕೇಳಿಸದವನಂತೆ ಇನ್ನೊಂದು ತಂಬಿಗೆ ಹೊಯ್ದ.

ಗೋಡೆಯುದ್ದಕ್ಕೂ ಕಂದು ನೀರಿನ ಗೆರೆಗಳು ಇಳಿದವು. ಕಲೆ ಮಾತ್ರ ಮಿಂದು ಮಡಿಯಾದವರಂತೆ ಇನ್ನಷ್ಟು ಹೊಳೆಯಿತು.

ಹನ್ನೊಂದು ಗಂಟೆಗೆ ಸದಾಶಿವಯ್ಯ ಬಂದ. ತಾಲ್ಲೂಕು ಕಚೇರಿಯಲ್ಲಿ ಹಾಲಸ್ವಾಮಿಯ ಪಕ್ಕದ ಮೇಜಿನ ಗುಮಾಸ್ತ. ಹೊಸ ಮನೆ ನೋಡುವ ನೆಪದಲ್ಲಿ ಕಚೇರಿ ತಪ್ಪಿಸಿಕೊಂಡು ಬಂದವನಿಗೆ ಮಾಡಲು ಒಂದು ಕೆಲಸ ಸಿಕ್ಕಿದ್ದೇ ಮುಖ ಅರಳಿತು.

“ಥೂ, ಸೀಗೆಪುಡಿಯಂತೆ! ಶಾಯಿ ಚೆಲ್ಲಿದ್ರೆ ಏನಯ್ಯ ಮಾಡ್ತೀವಿ? ಬ್ಲಾಟಿಂಗ್ ಪೇಪರ್ ಒತ್ತಲ್ವಾ? ಎಣ್ಣೇಗೂ ಅಷ್ಟೇ ಕಣಪ್ಪ. ಮೇಲೊಂದು ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿದ್ರೆ ಎಣ್ಣೆ ಕರಗಿ ಪೇಪರ್ರಿಗೆ ಬತ್ತದೆ. ಸೈನ್ಸು!”

ಗುರುಶಾಂತಮ್ಮನ ಮನೆಯಿಂದ ಇಸ್ತ್ರಿಪೆಟ್ಟಿಗೆ ಬಂತು, ಅದರ ಹೊಟ್ಟೆಗೆ ತೆಂಗಿನ ಚಿಪ್ಪಿನ ಕೆಂಡ ಬಿತ್ತು. ಹಾಲಸ್ವಾಮಿ ಕಾಗದ ಹಿಡಿದ, ಸದಾಶಿವಯ್ಯ ಗೋಡೆಗೆ ಇಸ್ತ್ರಿ ಮಾಡತೊಡಗಿದ. ಇಸ್ತ್ರಿಪೆಟ್ಟಿಗೆಯನ್ನು ಮಾಡಿರುವುದು ಮಲಗಿಸಿ ಉಜ್ಜಲು. ನಿಲ್ಲಿಸಿ ಉಜ್ಜಿದರೆ ಅದರ ಕೊಂಡಿ ಎಷ್ಟು ಹೊತ್ತು ತಡೆದೀತು? ಮೂರನೇ ಸಲಕ್ಕೆ ಮುಚ್ಚಳ ಬಾಯಿ ತೆರೆಯಿತು. ಕೆಂಡವೆಲ್ಲ ಪಕ್ಕದಲ್ಲಿ ಸುತ್ತಿಟ್ಟಿದ್ದ ಹೊಸ ಹಾಸಿಗೆಯ ಮೇಲೆ.

ಇಬ್ಬರೂ ಸೇರಿ ಎರಡು ಕೊಡ ನೀರು ಸುರಿದರು. ಹೊಗೆ ಅಡಗಿದಾಗ ಹಾಸಿಗೆಯಲ್ಲಿ ಕರಟ ಗಾತ್ರದ ತೂತು ಕಾಣಿಸಿತು.

“ಅಷ್ಟೇ ತಾನೆ? ಆ ಕಡೆ ನೀನು ಮಲಕ್ಕ,” ಎಂದು ಸದಾಶಿವಯ್ಯ ಚಪ್ಪಲಿ ಮೆಟ್ಟಿಕೊಂಡ. “ಸಾಹೇಬ್ರು ಕೇಳ್ತಾರೆ, ಬತ್ತೀನಪ್ಪ.”

ಉಳಿದಿದ್ದು ಸುಣ್ಣ. ಮೂರು ಸಲ ಬಳಿದ ಮೇಲೆ ಗೋಡೆ ಬೆಳ್ಳಗೆ ನಕ್ಕಿತು. ಹಾಲಸ್ವಾಮಿಯೂ ನಕ್ಕ, ಒಂದು ಗಂಟೆಗೆ ಅವಲಕ್ಕಿ ಕಲಸಿಕೊಂಡು ಅದರ ಎದುರಿಗೇ ಕೂತ. ಅರ್ಧ ತಿನ್ನುವುದರೊಳಗೆ ಬಿಳುಪಿನಲ್ಲಿ ಹಳದಿ ಕಾಣಿಸಿಕೊಂಡಿತು. ಮೊದಲು ದೊಡ್ಡದು, ಆಮೇಲೆ ಸಣ್ಣದು. ಮಸಿಯ ಗೋಡೆಯ ಮೇಲೆ ಮನೆಯವರಿಗಷ್ಟೇ ಕಾಣುತ್ತಿದ್ದ ಕಲೆ ಈಗ ಬೀದಿಗೂ ಕಾಣುವಂತಾಗಿತ್ತು.

ಗುರುಶಾಂತಮ್ಮನೇ ಗಾರೆ ಕೆಲಸದ ಬುಡನ್ ಸಾಬ್‌ಗೆ ಹೇಳಿಕಳಿಸಿದಳು. ಮುದುಕ ಬಂದು ಕಲೆಯ ಮೇಲೆ ಅಂಗೈಯಿಟ್ಟ, ಬೆರಳು ಮೂಸಿ ನೋಡಿದ.

“ಇದು ವರ್ಸಗಟ್ಲೆ ಕುಡ್ದಿರೋ ಎಣ್ಣೆ ಸ್ವಾಮಿ. ಮೇಲೆ ಏನ್ ಹಚ್ಚಿದ್ರೂ ಈಚೆಗ್ ಬತ್ತದೆ. ಕೂತ ಜಾಗದಲ್ಲೇ ಇಷ್ಟ್ ವರ್ಸ ಕೂತವ್ರೆ ಅಂದ್ರೆ ಅವ್ರಿಗೆ ಇಲ್ಲಿ ನೆಮ್ಮದಿ ಇತ್ತು ಅಂತ ಕಾಣ್ತದೆ. ಇರ್ಲಿ ಬುಡಿ. ಮೇಲೊಂದು ಕ್ಯಾಲೆಂಡರ್ ನೇತಾಕಿ.”

“ಸೊಂಟದ ಮಟ್ಟಕ್ಕೆ ಯಾರಾದ್ರೂ ಕ್ಯಾಲೆಂಡರ್ ನೇತಾಕ್ತಾರಾ ಸಾಬ್ರೇ?” ಎಂದಳು ಗುರುಶಾಂತಮ್ಮ.

“ಕೆತ್ತಿಬಿಡಿ,” ಎಂದ ಹಾಲಸ್ವಾಮಿ.

ಅಷ್ಟು ಗಟ್ಟಿಯಾಗಿ ಅವನು ಹುಟ್ಟಿದಾಗಿನಿಂದ ಏನನ್ನೂ ಹೇಳಿರಲಿಲ್ಲ. ಬುಡನ್ ಸಾಬ್ ಒಂದು ಗಳಿಗೆ ಅವನ ಮುಖ ನೋಡಿ ಉಳಿ ಎತ್ತಿಕೊಂಡ. ಎಣ್ಣೆ ಕುಡಿದ ಗಾರೆ ಹೆಂಟೆ ಹೆಂಟೆಯಾಗಿ ಉದುರಿತು, ಒಳಗಿನ ಮಣ್ಣು ಕಾಣುವವರೆಗೂ ಉದುರಿತು. ಗುರುಶಾಂತಮ್ಮ ಅದನ್ನು ಮಂಕರಿಗೆ ತುಂಬಿಕೊಂಡು ಹೋಗಿ ತನ್ನ ಕೊಟ್ಟಿಗೆಯ ಗುಂಡಿಗೆ ಸುರಿದಳು. ಸಿಮೆಂಟಿಗೂ ಸರ್ಕಾರದ ಪರ್ಮಿಟ್ಟು ಬೇಕಾಗಿದ್ದ ಆ ಕಾಲದಲ್ಲಿ, ಯಾರದೋ ಪರ್ಮಿಟ್ಟಿನಲ್ಲಿ ಮಿಕ್ಕಿದ್ದ ಒಂದು ಡಬ್ಬ ಸಿಮೆಂಟು ಸಾಬರ ಹತ್ತಿರ ಇತ್ತು. ಮೂರೂವರೆಗೆ ಕರಣೆ ಕೊನೆಯ ಸಲ ಎಳೆದು ನಿಂತಾಗ ಅಲ್ಲಿ ಕಲೆಯಿದ್ದ ಕುರುಹೂ ಇರಲಿಲ್ಲ, ಬರೆಯದ ಸ್ಲೇಟಿನಂಥ ಒಂದು ಹಸಿ ಚೌಕ ಇತ್ತು. ಹಾಲಸ್ವಾಮಿಗೆ ಹೊಟ್ಟೆ ತಣ್ಣಗಾಯಿತು. ಮಂಚ ಒಳಗೆಳೆದು, ಹಾಸಿಗೆಯ ತೂತು ಗೋಡೆಯ ಕಡೆಗೆ ತಿರುಗಿಸಿ, ಬಸ್‌ಸ್ಟ್ಯಾಂಡಿಗೆ ಓಡಿದ.

ಗಿರಿಜೆ ಇಳಿದಳು, ಹಿಂದೆ ಚೀಲ ಹಿಡಿದು ಮಾವ ಪರಮಶಿವಯ್ಯ. ಕತ್ತಿನ ಮೂಳೆ ಕಾಣುವಷ್ಟು ಇಳಿದುಹೋಗಿದ್ದಳು. ದಾರಿಯುದ್ದಕ್ಕೂ ಇಬ್ಬರ ಹಿಂದೆ ಕಾಲೆಳೆಯುತ್ತ ನಡೆದಳು. ಆದರೆ ಹೊಸ್ತಿಲ ಹತ್ತಿರ ಬಂದವಳು ಚಪ್ಪಲಿ ಬಿಟ್ಟು ಸರಸರನೆ ಒಳಗೆ ನಡೆದಳು. ಎಂಟು ತಿಂಗಳಲ್ಲಿ ಅವಳ ಕಾಲಿಗೆ ಅವಸರ ಬಂದದ್ದು ಅದೇ ಮೊದಲು. ಮನೆ ಹಿಡಿಸಿತು ಎಂದುಕೊಂಡ ಹಾಲಸ್ವಾಮಿ. ಅವಳು ಮಂಚ ನೋಡಲಿಲ್ಲ, ಮೇಜು ನೋಡಲಿಲ್ಲ. ನೆಟ್ಟಗೆ ಹೋಗಿ, ಕಣ್ಣು ಮುಚ್ಚಿಕೊಂಡು ಆ ಗೋಡೆಗೆ ಬೆನ್ನು ಕೊಟ್ಟು ಕೂತು ತಲೆ ಒರಗಿಸಿದಳು.

“ಹಸಿ! ಹಸಿ ಇದೆ!” ಹಾಲಸ್ವಾಮಿ ಕೂಗುವುದರೊಳಗೆ ಆಗಿಹೋಗಿತ್ತು.

ಪರಮಶಿವಯ್ಯ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. “ಇಲ್ಲೊಂದು ಎಣ್ಣೆ ಗುರುತು ಇತ್ತಲ್ಲಪ್ಪ?”

“ಇತ್ತು ಮಾವ,” ಹಾಲಸ್ವಾಮಿಯ ದನಿಯಲ್ಲಿ ಹೆಮ್ಮೆಯಿತ್ತು. “ಏನ್ ಮಾಡಿದ್ರೂ ಹೋಗ್ಲಿಲ್ಲ. ಕೊನೆಗೆ ಬುಡಸಮೇತ ಕೆತ್ತಿಸಿದೆ.”

ಮೇಷ್ಟ್ರು ಮೆಲ್ಲಗೆ ಮಂಚದ ಮೇಲೆ ಕೂತರು. “ನಾನು ಈ ಊರಲ್ಲಿ ಮೇಷ್ಟ್ರಾಗಿದ್ದಾಗ ಏಳು ವರ್ಷ ಇದೇ ಮನೇಲಿದ್ವಿ. ಆಗ ಇವಳಮ್ಮ ಬದುಕಿದ್ಲು, ಸಂಜೆ ಅಲ್ಲೇ ಒರಗಿ ಕೂರೋಳು. ಪಕ್ಕದಲ್ಲಿ ಇವಳು. ಅದೇ ಸಣ್ಣದು. ಮಗು ಹೋದಾಗಿಂದ ಇವಳು ಒಂದು ಹನಿ ಕಣ್ಣೀರು ಹಾಕಿಲ್ಲಪ್ಪ. ಹೆದರಿ ಡಾಕ್ಟ್ರಿಗೂ ತೋರಿಸಿದೆ. ಹೋದ ತಿಂಗಳು ತಾನಾಗೇ ಅಂದ್ಲು, ಅಮ್ಮ ಒರಗ್ತಿದ್ದ ಜಾಗದಲ್ಲಿ ತಲೆ ಇಟ್ರೆ ಅಳು ಬಂದಾತು ಅಂತ.”

“ಮಾವ, ಒಂದು ಮಾತು ಬರೆದಿದ್ರೆ...”

“ಕಾರ್ಡಲ್ಲಿ ಹೆಂಗಪ್ಪ ಬರೆಯೋದು? ಪೋಸ್ಟ್‌ಮ್ಯಾನ್ ಓದ್ತಾನೆ.”

ಎಲ್ಲರೂ ಗಿರಿಜೆಯ ಮುಖ ನೋಡಿದರು. ಬಾಗಿಲಲ್ಲಿ ಗುರುಶಾಂತಮ್ಮ ಆಗಲೇ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಗಿರಿಜೆ ತಲೆಯ ಹಿಂದೆ ಕೈಯಾಡಿಸಿದಳು. ಬೆರಳಿಗೆ ಹತ್ತಿದ ಬೂದಿಬಣ್ಣದ ಸಿಮೆಂಟನ್ನು ಬಹಳ ಹೊತ್ತು ನೋಡಿದಳು. ಅಳು ಬರಲಿಲ್ಲ. ಎದ್ದು ಬಾವಿಗೆ ಹೋಗಿ ಕೂದಲು ತೊಳೆದುಕೊಂಡು ಬಂದಳು.

“ಮನೆ ಚೊಕ್ಕಟವಾಗಿ ಇಟ್ಟಿದ್ದೀರಿ,” ಎಂದಳು ಗಂಡನಿಗೆ. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. “ಅಪ್ಪಾ, ಐದೂವರೆ ಬಸ್ ಸಿಗ್ತದಾ?”

ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯ ಕೆಳಗೆ ಹಾಲಸ್ವಾಮಿ ಸುಣ್ಣ ಮೆತ್ತಿದ ಪಂಚೆಯಲ್ಲೇ ನಿಂತಿದ್ದ. ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ಗಿರಿಜೆ ಸರಳಿನ ಹತ್ತಿರ ಮುಖ ತಂದಳು.

“ಗೋಡೇಲಿ ನನ್ನ ತಲೆ ಅಚ್ಚು ಬಿದ್ದದೆ, ನೋಡಿದ್ರಾ? ಅಮ್ಮ ಇರ್ತಿದ್ದ ಎತ್ತರಕ್ಕೇ.”

“ಹೂಂ.”

“ಅದನ್ನ ಹಂಗೇ ಒಣಗಕ್ಕೆ ಬಿಡಿ. ಏನೂ ಮಾಡ್ಬೇಡಿ. ಸೋಮವಾರ ಬತ್ತೀನಿ.” ಬಸ್ಸು ಹೊರಟಿತು.

ಮದುವೆಯಾದ ಮೇಲೆ ಅವಳು ಅವನಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ. ಹಾಲಸ್ವಾಮಿ ಪಂಚೆ ಎತ್ತಿ ಹಿಡಿದು ಓಡಿದ. ಎದುರಿಗೆ ಬಂದ ಸದಾಶಿವಯ್ಯ “ಏನಯ್ಯ, ಸೈನ್ಸು ಕೆಲ್ಸ ಮಾಡ್ತಾ?” ಎಂದದ್ದೂ ಕೇಳಿಸಲಿಲ್ಲ. ಆ ತಗ್ಗಿನ ಸುತ್ತ ಒಂದು ಕುರ್ಚಿ ಅಡ್ಡ ಇಡಬೇಕು, ಕರು ಒಳಗೆ ಬಾರದಂತೆ ಬಾಗಿಲು ಹಾಕಬೇಕು, ಸೋಮವಾರದವರೆಗೆ ತಾನೂ ಹಿತ್ತಲಲ್ಲೇ ಮಲಗಬೇಕು.

ನಡುಮನೆಯಲ್ಲಿ ಬುಡನ್ ಸಾಬ್ ಬಕೆಟ್ಟಿನಲ್ಲಿ ಕರಣೆ ತೊಳೆಯುತ್ತಿದ್ದ.

“ಉಳಿ ಮರ್ತು ಹೋಗಿದ್ದೆ ಸ್ವಾಮಿ, ತಗಳಕ್ಕೆ ಬಂದೆ. ನೋಡ್ತೀನಿ, ಯಾರೋ ಹಸಿ ಗಾರೆಗೆ ತಲೆ ಒತ್ತಿಬಿಟ್ಟವ್ರೆ! ಎರಡು ಕೂದ್ಲು ಬೇರೆ ಅಂಟ್ಕಂಡಿದ್ವು. ನೀವು ಅಷ್ಟು ಪಾಡು ಪಟ್ಟಿದ್ದು ನಾನು ನೋಡಿಲ್ವಾ? ಇನ್ನೊಂದ್ಸಲ ಎಳೆದುಬಿಟ್ಟೆ. ಹಾಂ, ಕೈಯಾಡಿಸಿ ನೋಡಿ. ಒಂದು ಗುರುತೂ ಇಲ್ಲ.”

ಹಾಲಸ್ವಾಮಿ ಕೈಯಾಡಿಸಿ ನೋಡಿದ. ಇರಲಿಲ್ಲ. ಅಲ್ಲೇ ನೆಲದ ಮೇಲೆ ಕುಸಿದು ಕೂತ. ಒಂಬತ್ತು ದಿನದ ಮಗುವನ್ನು ಬಿಳಿಬಟ್ಟೆಯಲ್ಲಿ ಸುತ್ತಿ ತನ್ನ ಕೈಗೆ ಕೊಟ್ಟಾಗಲೂ ಬಾರದಿದ್ದ ಅಳು ಬುಳುಬುಳು ಹೊರಟಿತು. ತಡೆಯಲು ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡ.

“ಅಯ್ಯಯ್ಯೋ, ಕಣ್ಣಿಗೆ ಸುಣ್ಣ ಬಿತ್ತೇನ್ರೀ!” ಗುರುಶಾಂತಮ್ಮ ತನ್ನ ಮನೆಯಿಂದ ಬಟ್ಟಲು ಹಿಡಿದೇ ಓಡಿಬಂದಳು. “ಉಜ್ಜಬೇಡಿ, ಉಜ್ಜಬೇಡಿ. ಎರಡು ತೊಟ್ಟು ಕೊಬ್ಬರಿ ಎಣ್ಣೆ ಬುಡ್ತೀನಿ, ಉರಿಯೆಲ್ಲ ಹೊಂಟೋಯ್ತದೆ.”

ಹಾಲಸ್ವಾಮಿ ಬೇಡ ಎನ್ನಲಿಲ್ಲ. ಮುಖ ಮೇಲೆತ್ತಿ ಕೊಟ್ಟ.