ಕಾರಿನ ಅಭ್ಯಂಜನ

ನಾನು ಹೆಚ್ಚು ಮಾತನಾಡುವವಳಲ್ಲ. ನಮ್ಮ ಮನೆಯವರು ಮಾತನಾಡುತ್ತಾರೆ, ನಾನು ಹೂಂಗುಟ್ಟುತ್ತೇನೆ. ಹನ್ನೆರಡು ವರ್ಷದ ಸಂಸಾರ ಈ ಒಪ್ಪಂದದ ಮೇಲೇ ನಡೆದಿದೆ. ಆದರೆ ನಮ್ಮ ಕಾರಿನ ವಿಷಯವನ್ನು ಜಯನಗರದಲ್ಲಿ ಎಲ್ಲರೂ ತಮಗೆ ತೋಚಿದಂತೆ ಹೇಳಿಕೊಂಡು ತಿರುಗುತ್ತಿರುವುದರಿಂದ, ನನ್ನ ಕಡೆಯದನ್ನೂ ಒಮ್ಮೆ ಕೇಳಿಬಿಡಿ.

ಇಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ ನನ್ನಿಂದ ಒಂದು ಮಹಾಪರಾಧವಾಯಿತು. ನಮ್ಮವರನ್ನು ಎತ್ತಿ ಆಡಿಸಿ ಬೆಳೆಸಿದ ಅವರ ಅಕ್ಕ, ಅಕ್ಕಯಮ್ಮ, ಕೋಣನಕುಂಟೆಯಿಂದ ಬಂದಿದ್ದರು. ಗಡಿಬಿಡಿಯಲ್ಲಿ ನಾನು ಅರಿಶಿನ ಕುಂಕುಮವನ್ನು ಮೊದಲು ಪಕ್ಕದ ಮನೆಯ ಮೀನಾಕ್ಷಮ್ಮನವರಿಗೆ ಕೊಟ್ಟು ಆಮೇಲೆ ಅಕ್ಕನ ಕಡೆಗೆ ತಟ್ಟೆ ಹಿಡಿದೆ. ಅಕ್ಕ ಕುಂಕುಮವಿಟ್ಟುಕೊಂಡರು, ಊಟ ಮಾಡಿದರು, ಹೋದರು. ನಾಲ್ಕು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ದಿನವೂ ದೀಪ ಹಚ್ಚುವಾಗ ನಾನು ದೇವರಲ್ಲಿ ಬೇಡುತ್ತಿದ್ದುದು ಒಂದೇ: ಅಕ್ಕ ಒಂದೇ ಒಂದು ಹಬ್ಬದ ಊಟಕ್ಕಾದರೂ ಬರಲಿ.

ದಸರೆಯ ಹೊತ್ತಿಗೆ ನಮ್ಮವರು ಹಳೆಯ ಕಾರೊಂದನ್ನು ಕೊಂಡರು. ಸುದ್ದಿ ಕೋಣನಕುಂಟೆ ಮುಟ್ಟಿದ್ದೇ ತಡ, ಅಕ್ಕ ಹೇಳಿಕಳಿಸಿದರು: “ಬಲಿಪಾಡ್ಯಮಿ ದಿನ ಕಾರು ನಮ್ಮ ಬಾಗಿಲಿಗೆ ಬಂದ್ರೆ ಹತ್ತುತೀನಿ. ಬಸ್ಸು ಗಿಸ್ಸು ಅಂದ್ರೆ ಬರಾಕಿಲ್ಲ ಅಂತ ಹೇಳು ಅವಳಿಗೆ.”

‘ಅವಳು’ ಎಂದರೆ ನಾನು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಲು ಒಲೆಯ ಮೇಲಿಟ್ಟು ಕಾರು ನೋಡಲು ಹೋಗುತ್ತಿದ್ದೆ; ಕಾರು ನೋಡುತ್ತ ನಿಂತಾಗ ಹಾಲಿನ ನೆನಪಾಗುತ್ತಿತ್ತು. ಏಕೆಂದರೆ ಕಾರು ಎಡಕ್ಕೆ ತಿರುಗಲು ಒಪ್ಪುತ್ತಿರಲಿಲ್ಲ. ತರಕಾರಿ ತರಲು ಹೊರಟ ನಮ್ಮವರು ಬಲಕ್ಕೇ ತಿರುಗಿ ತಿರುಗಿ ಯಡಿಯೂರು ಕೆರೆಗೆ ಎರಡು ಸುತ್ತು ಹಾಕಿ ಬರುತ್ತಿದ್ದರು. (ಪ್ರದಕ್ಷಿಣೆಯ ಪುಣ್ಯವಾದರೂ ಬಂತೆಂದು ನಾನು ಸಮಾಧಾನಪಟ್ಟುಕೊಂಡೆ.)

ತಿಲಕ್ ನಗರದ ರಿಪೇರಿ ಅಂಗಡಿಯ ಗುರುಶಾಂತಪ್ಪ ಬಂದು ಕಾರಿನ ಮೂತಿಯ ಕೆಳಗೆ ತಲೆ ತೂರಿಸಿದ.

“ಸಾರ್, ಸ್ಟೀರಿಂಗಿಂದ ಚಕ್ರಕ್ಕೆ ಹೋಗೋ ಸರಳುಗಳು ಬಟ್ಟಬಯಲಲ್ಲಿವೆ. ಕೀಲಿನ ಮೇಲಿದ್ದ ರಬ್ಬರು ಹರಿದೋಗಿ ಒಳಗೆಲ್ಲ ತುಕ್ಕು ಹಿಡಿದಿದೆ.”

“ಏನು ಮಾಡ್ಬೇಕಯ್ಯ?”

“ಮರಳು ಕಾಗದದಲ್ಲಿ ಉಜ್ಜಿ, ಸೀಮೆಎಣ್ಣೇಲಿ ಒರೆಸಿ. ಒಣಗಿದ ಮೇಲೆ ಸರಳಿಗೆ ಕೆಂಪು ಬಣ್ಣ ಹೊಡೀರಿ. ಕೀಲಿಗೆ ಮಾತ್ರ ಬಣ್ಣ ಬೇಡ, ಗ್ರೀಸ್ ತುಂಬಿ. ಹೊಸ ರಬ್ಬರು ಸಿಗೋವರೆಗೆ ಗ್ರೀಸೇ ಅದಕ್ಕೆ ಅಂಗಿ.”

ನಾನು ಬಾಗಿಲ ಮರೆಯಲ್ಲಿ ನಿಂತು ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ತೊಳೆಯಬೇಡಿ ಎಂದು ಆತ ಹೇಳಲಿಲ್ಲ. ಹೇಳಬೇಕೆಂದು ಆತನಿಗೆ ಹೊಳೆಯುವುದಾದರೂ ಹೇಗೆ?

ಭಾನುವಾರ ನಮ್ಮವರು ಹಳೆಯ ಪಂಚೆ ಉಟ್ಟು ತುಕ್ಕಾಸುರನ ಸಂಹಾರಕ್ಕೆ ಇಳಿದರು. ಸಂಜೆ ಕಾರಿನಡಿಯಿಂದ ಹೊರಬಂದಾಗ, ಗುರುತು ಹಿಡಿಯಲು ನಾನು ಅವರ ದನಿಗಾಗಿ ಕಾಯಬೇಕಾಯಿತು. ಆದರೆ ಸ್ಟೀರಿಂಗು ಎರಡೇ ಬೆರಳಿಗೆ ತಿರುಗಿತು. ಆ ಎರಡು ಬೆರಳನ್ನು ನಾಲ್ಕು ದಿನ ಎಲ್ಲರಿಗೂ ತೋರಿಸಿದರು.

ನರಕ ಚತುರ್ದಶಿ ಬಂತು. ನಸುಕಿನಲ್ಲೆದ್ದು ಹಂಡೆಗೆ ಉರಿ ಹಾಕಿ, ಗರಿಕೆಯಲ್ಲಿ ಅದ್ದಿ ಎಲ್ಲರ ನೆತ್ತಿಗೂ ಎಣ್ಣೆ ಇಟ್ಟು, ನೀರು ಹಾಕಿದೆ. ನಮ್ಮವರು ಸ್ನಾನ ಮುಗಿಸಿ ಮತ್ತೆ ಮಲಗಿದರು. ಅಂಗಳಕ್ಕೆ ನೀರು ಚಿಮುಕಿಸಲು ಹೋದವಳು ಬಗ್ಗಿ ನೋಡುತ್ತೇನೆ, ಕಾರಿನ ಕೀಲುಗಳು ಗ್ರೀಸಿನಲ್ಲಿ ಮಿರಮಿರ ಮಿಂಚುತ್ತಿವೆ. ಹಬ್ಬದ ದಿನ ಎಣ್ಣೆ ಹಚ್ಚಿಸಿಕೊಂಡು ನೀರಿಲ್ಲದೆ ಕೂತಿರುವ ಜೀವ ನಮ್ಮ ಮನೆಯಲ್ಲಿ ಅದೊಂದೇ. ಅದೂ ಅಕ್ಕನನ್ನು ಕರೆತರಬೇಕಾದ ಜೀವ.

ಹಂಡೆಯಲ್ಲಿ ಬಿಸಿನೀರು ಉಳಿದಿತ್ತು. ಸೆರಗು ಬಿಗಿದು ಕಾರಿನಡಿಗೆ ನುಸುಳಿದೆ. ಸೀಗೆಪುಡಿ, ಕಡಲೆಹಿಟ್ಟು, ತೆಂಗಿನ ನಾರು. ಪೂಜೆಯ ಕಂಚಿನ ಪಾತ್ರೆಗಳಿಗೂ ನಾನು ಅಷ್ಟು ಭಕ್ತಿಯಿಂದ ಕೈ ಹಚ್ಚಿದ್ದಿಲ್ಲ. ಕೀಲಿನ ಸಂದಿಗೆಲ್ಲ ನಾರು ತುರುಕಿ ತಿಕ್ಕಿ, ಹದಿನಾಲ್ಕು ಚೊಂಬು ನೀರು ಹೊಯ್ದೆ. ಗ್ರೀಸ್ ಒಂದು ಚೂರೂ ಉಳಿಯಲಿಲ್ಲ. ಸರಳಿಗೆ ಒಂದು ಬೊಟ್ಟು ಕುಂಕುಮ ಇಟ್ಟು ಕೈಮುಗಿದು ಎದ್ದೆ.

ಎರಡು ದಿನ ತುಂತುರು ಮಳೆ ಹಿಡಿಯಿತು. ಪಾಡ್ಯಮಿಯ ಬೆಳಿಗ್ಗೆ ಹೊರಟಾಗ ಸ್ಟೀರಿಂಗು ಸಣ್ಣಗೆ ನರಳಿತು. ಬನಶಂಕರಿ ದಾಟುವಷ್ಟರಲ್ಲಿ ನಮ್ಮವರು ಎರಡೂ ಕೈಯಲ್ಲಿ ತಿರುಗಿಸುತ್ತಿದ್ದರು. ಕನಕಪುರ ರಸ್ತೆಯಿಂದ ಎಡಕ್ಕೆ ಊರಿನ ದಾರಿ ಹಿಡಿಯುವಲ್ಲಿ ಸೀಟಿನಿಂದ ಅರ್ಧ ಎದ್ದು ನಿಂತರು. ಕಾರು ಕಿರ್ರೆಂದು ಅರ್ಧ ತಿರುಗಿ, ರಸ್ತೆಗೆ ಅಡ್ಡವಾಗಿ ನಿಂತುಬಿಟ್ಟಿತು.

ಕಾರಿನಡಿಗೆ ಹೋದ ನಮ್ಮವರು ಅಲ್ಲಿಂದಲೇ ಕೂಗಿದರು.

“ಗ್ರೀಸೇ ಇಲ್ಲ ಕಣೇ. ಕೆಂಪಗೆ ತುಕ್ಕು ಕೂತಿದೆ. ಆ ಗುರುಶಾಂತಪ್ಪ ಎಂಥ ಕಳಪೆ ಗ್ರೀಸ್ ಕೊಟ್ಟವ್ನೆ ನೋಡು. ನಾಳೆ ಅವನ ಅಂಗಡಿ ಮುಂದೆ ನಿಂತು ಮರ್ಯಾದೆ ತೆಗೀತೀನಿ.”

“ಹೂಂ,” ಎಂದೆ. (ನನ್ನ ಜೀವಮಾನದಲ್ಲೇ ಅತ್ಯಂತ ಸಣ್ಣ ಹೂಂ ಅದು.)

ಅಷ್ಟರಲ್ಲಿ ಸುದ್ದಿ ತಿಳಿದು ಅಕ್ಕ ನಡೆದುಕೊಂಡೇ ಬಂದರು. ಹಿಂದೆ ಅವರ ಗಾಡಿ ಹೊಡೆಯುವ ಬೋರಣ್ಣ.

“ನಮ್ಮ ಬಾಗಿಲು ಇನ್ನೂ ಅರ್ಧ ಮೈಲಿ ಐತಲ್ಲ, ವೆಂಕಟಾಚಲ?” ಎಂದರು ಅಕ್ಕ.

“ಎತ್ತು ಕಟ್ಟಿ ಎಳೆಸಿದ್ರೆ ಬಂದುಬಿಡ್ತದೆ, ಅಕ್ಕ.”

“ಇವತ್ತು ಎತ್ತಿಗೆ ಪೂಜೆ ಕಣಪ್ಪ, ನೊಗ ಇಡೋ ಹಂಗಿಲ್ಲ,” ಎಂದು ಬೋರಣ್ಣ ತಾನೇ ಕಾರಿನಡಿಗೆ ತೂರಿದ. ಆಮೇಲೆ ಮೂಗೆಳೆಯುವ ಸದ್ದು. “ಅಣ್ಣ, ಇಲ್ಲಿ ಸೀಗೆಕಾಯಿ ವಾಸನೆ ಬತ್ತಾ ಐತೆ.”

“ಸೀಗೆಕಾಯಾ?”

“ತೆಂಗಿನ ನಾರೂ ಸಿಕ್ಕೈತೆ. ಕುಂಕುಮಾನೂ ಐತೆ.”

ನಮ್ಮವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಅಕ್ಕನೂ ತಿರುಗಿದರು. ಇನ್ನು ಹೂಂಗುಟ್ಟಿ ಪ್ರಯೋಜನವಿರಲಿಲ್ಲ.

“ಹಬ್ಬದ ದಿನ ಎಣ್ಣೆ ಹಚ್ಚಿ ಹಾಗೇ ಬಿಡಬಾರದು ಅಂತ… ನೀರು ಹಾಕ್ದೆ,” ಎಂದೆ.

“ಬಿಸಿನೀರಾ?” ಎಂದರು ಅಕ್ಕ, ಬಲು ಗಂಭೀರವಾಗಿ.

“ಹೂಂ. ಹದವಾಗಿತ್ತು.”

ಅಕ್ಕ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೋರಣ್ಣ ಓಡಿಹೋಗಿ ಗಾಡಿಗೆ ತೂಗುಹಾಕಿದ್ದ ಬಿದಿರಿನ ಗೊಟ್ಟ ತಂದ. ಅದರಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ. ತುಕ್ಕು ಕೆರೆದು, ಒರೆಸಿ, ಕೀಲುಗಳಿಗೆಲ್ಲ ಅದನ್ನು ಮೆತ್ತಿದ. ಚಕ್ರವನ್ನು ಹತ್ತಾರು ಸಲ ಆಚೀಚೆ ಆಡಿಸಿದ ಮೇಲೆ ಕಾರು ಸುಮ್ಮನೆ ಎಡಕ್ಕೆ ತಿರುಗಿತು. ಅಕ್ಕನ ಬಾಗಿಲಿಗೂ ಹೋಯಿತು.

ಅಲ್ಲಿ ಅಕ್ಕ ಒಂದು ಟ್ರಂಕು, ಹಾಸಿಗೆ ಸುತ್ತು ಮತ್ತು ತುಂಬಿದ ಕೀಲೆಣ್ಣೆಯ ಗೊಟ್ಟವನ್ನು ಕಾರಿಗೆ ಏರಿಸಿದರು.

“ಒಂದು ಊಟಕ್ಕೆ ಇಷ್ಟೆಲ್ಲ ಯಾಕಕ್ಕ?” ಎಂದು ನಮ್ಮವರು ಕೇಳಿದರು.

“ಊಟಕ್ಕಲ್ಲ ಕಣೋ. ನಿಮ್ಮ ಭಾವನ್ನ ನೋಡ್ಕೊಳಾಕೆ ಮೂರು ಜನ ಸೊಸೇರವ್ರೆ. ಈ ಕಾರನ್ನ ನೋಡ್ಕೊಳಾಕೆ ಯಾರವ್ರೆ?”

ಅಕ್ಕ ಬಂದು ಇಂದಿಗೆ ಐದು ತಿಂಗಳು. ದೇವರು ನಾನು ಬೇಡಿದ್ದಕ್ಕಿಂತ ಬಹಳ ಹೆಚ್ಚಾಗಿಯೇ ಕೊಟ್ಟಿದ್ದಾನೆ, ದೂರುವುದು ಸರಿಯಲ್ಲ. ಸ್ಟೀರಿಂಗು ಒಂದೇ ಬೆರಳಿಗೆ ತಿರುಗುತ್ತದೆ. ಶುಕ್ರವಾರ ಬೆಳಿಗ್ಗೆ ನಾನು ತಲೆಗೆ ಎರೆದುಕೊಳ್ಳಲು ಹಂಡೆಯ ಒಲೆ ಹೊತ್ತಿಸಿದರೆ ಸಾಕು, ಅಕ್ಕ ಮಾತಿಲ್ಲದೆ ಮಣೆ ಎತ್ತಿಕೊಂಡು ಹೋಗಿ ಕಾರಿನ ಮುಂದೆ ಹಾಕಿ, ಒಲೆ ಆರುವವರೆಗೆ ಕಾವಲು ಕೂರುತ್ತಾರೆ.